ನಕಲು ಕೊಡಿ ಸ್ವಾಮಿ: ಸರ್ಕಾರಿ ಕಡತ ಜನರ ಕೈಗೆ ಬಂದ ಕಥೆ

ಇವತ್ತಿನ ಮಾತು ಒಂದು ಪುಟ್ಟ ಶಬ್ದದಿಂದ ಶುರು ಮಾಡೋಣ. ನಕಲು. ಹುಡುಗ ಪರೀಕ್ಷೆಯಲ್ಲಿ ನಕಲು ಹೊಡೆದ ಅಂತೀವಿ, ಅಲ್ಲಿ ಅದು ಮೋಸ. ಅದೇ ನಾವು ತಾಲ್ಲೂಕು ಕಚೇರಿಗೋ ಕೋರ್ಟಿಗೋ ಹೋಗಿ ನಕಲು ಅರ್ಜಿ ಹಾಕ್ತೀವಿ. ಅಲ್ಲಿ ಸಿಗುವ ದೃಢೀಕೃತ ನಕಲು ಮಾತ್ರ ನಿಜ, ಬಾಯಿಮಾತು ಯಾರೂ ನಂಬಲ್ಲ. ನಮ್ಮ ದೇಶದಲ್ಲಿ ಮಾಹಿತಿ ಹಕ್ಕಿನ ಇತಿಹಾಸ ಅಂದ ತಕ್ಷಣ ಎಲ್ಲರೂ 2005ರ ಕಾಯ್ದೆ ಅಂತಾರೆ. ನನ್ನ ಪ್ರಕಾರ ಆ ಇತಿಹಾಸದ ನಿಜವಾದ ಜಗಳ ನಡೆದದ್ದು ಈ ನಕಲಿನ ಮೇಲೆ. ಕಡತ ನೋಡೋಕೆ ಬಿಡ್ತೀವಿ, ಆದರೆ ನಕಲು ಕೊಡಲ್ಲ ಅಂತ ಒಂದು ಸರ್ಕಾರ ಹೇಳಿತು. ನಕಲು ಕೊಡೋವರೆಗೆ ಏಳಲ್ಲ ಅಂತ ಕೂಲಿಯವರು ಬೀದಿಯಲ್ಲಿ ಕೂತರು. ಅಲ್ಲಿಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚೆನ್ನೈನಲ್ಲಿರುವವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿಗೆ ಹೋಗಿಬನ್ನಿ. ಅಲ್ಲಿನ ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲೆ ಒಂದನೇ ಪರಾಂತಕ ಚೋಳನ ಕಾಲದ, ಅಂದರೆ ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ ಸಭೆಗೆ ಸದಸ್ಯರನ್ನು ಹೇಗೆ ಆರಿಸಬೇಕು ಅನ್ನೋ ನಿಯಮಗಳು ಅವು. ಗಡಿಗೆಯಲ್ಲಿ ಓಲೆ ಹಾಕಿ ಚೀಟಿ ಎತ್ತುವ ಪದ್ಧತಿ ಇತ್ತು, ಅದನ್ನು ಎಲ್ಲರೂ ಹೇಳ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು ಸಾಲು: ಹಿಂದೆ ಯಾವುದಾದರೂ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ನಿಲ್ಲುವ ಹಾಗಿಲ್ಲ, ಅವನ ಹತ್ತಿರದ ಬಂಧುಗಳೂ ನಿಲ್ಲುವ ಹಾಗಿಲ್ಲ. ಅದೊಂದು ಬ್ರಾಹ್ಮಣ ಅಗ್ರಹಾರದ ಸಭೆ. ಜಮೀನು, ಸ್ವಂತ ಮನೆ, ವೇದಜ್ಞಾನ ಇದ್ದವರಿಗೆ ಮಾತ್ರ ಪ್ರವೇಶ. ಇದನ್ನೇ ಹಿಡಿದುಕೊಂಡು ನಮ್ಮಲ್ಲಿ ಆಗಲೇ ಪ್ರಜಾಪ್ರಭುತ್ವ ಇತ್ತು ಅಂತ ಭಾಷಣ ಮಾಡೋದು ಬೇಡ. ಆದರೆ ಲೆಕ್ಕ ಕೊಡದವನಿಗೆ ಅಧಿಕಾರ ಇಲ್ಲ ಅನ್ನೋದನ್ನ ಊರವರೆಲ್ಲ ಓಡಾಡುವ ಗುಡಿಯ ಗೋಡೆಗೆ ಕೆತ್ತಿಸಿದ್ದರು, ಅದಂತೂ ಸತ್ಯ.

ನಮ್ಮ ಕಡೆ ಬಂದರೆ ಕಥೆ ಬೇರೆ. ಇವತ್ತು ಸರ್ಕಾರಿ ಫೈಲಿಗೆ ‘ಕಡತ’ ಅಂತೀವಲ್ಲ, ಆ ಶಬ್ದ ಎಲ್ಲಿಂದ ಬಂತು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಅದು ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಂಗಡಿಕಾರರು, ಮಠದವರು, ಶಾನುಭೋಗರು ಎಲ್ಲರ ಲೆಕ್ಕವೂ ಅದರಲ್ಲೇ. ಒಂದು ವಿಶೇಷ ಅಂದ್ರೆ, ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು! ಹೆಚ್ಚು ಹೇಳಬೇಕಾಗಿಲ್ಲ.

ಊರಿನ ಲೆಕ್ಕ ಶಾನುಭೋಗರ ಮನೆಯಲ್ಲಿ ಇರ್ತಿತ್ತು. ಕೆಲಸ ವಂಶಪಾರಂಪರ್ಯ, ಹಾಗಾಗಿ ದಫ್ತರವೂ ವಂಶಪಾರಂಪರ್ಯ. ಯಾವ ಗದ್ದೆ ಯಾರದ್ದು, ಯಾರು ಎಷ್ಟು ಕಂದಾಯ ಬಾಕಿ, ಎಲ್ಲ ಒಂದು ಮನೆತನದ ಪೆಟ್ಟಿಗೆಯಲ್ಲಿ. ರೈತ ಹೋಗಿ ಜಗಲಿಯ ಕೆಳಗೆ ನಿಂತು ಕೇಳಬೇಕು, ಅವರು ಓದಿ ಹೇಳಿದ್ದನ್ನು ನಂಬಬೇಕು. ಇದು ನಮ್ಮಲ್ಲಿ ಮಾತ್ರ ಅಲ್ಲ. ಮಹಾರಾಷ್ಟ್ರದಲ್ಲಿ ಕುಲಕರ್ಣಿ, ತೆಲುಗು ನಾಡಲ್ಲಿ ಕರಣಂ, ತಮಿಳುನಾಡಲ್ಲಿ ಕಣಕ್ಕುಪಿಳ್ಳೈ. ನಿಮ್ಮ ಸೊಸೈಟಿಯ ಹೆಸರಿನ ಬೋರ್ಡ್ ನೋಡಿ: ಕುಲಕರ್ಣಿ, ಶಾನಭಾಗ, ದೇಶಪಾಂಡೆ, ಪಾಟೀಲ. ಒಂದು ಕಾಲದ ಇಡೀ ಕಂದಾಯ ಇಲಾಖೆ ಲಿಫ್ಟಿನ ಪಕ್ಕದಲ್ಲೇ ಇದೆ. ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯಲು ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಬೇಕಾಯಿತು. ತಮಿಳುನಾಡಿನಲ್ಲಿ ಎಂಜಿಆರ್ ಸರ್ಕಾರ 1980ರಲ್ಲಿ, ಆಂಧ್ರದಲ್ಲಿ ಎನ್‌ಟಿಆರ್ ಸರ್ಕಾರ 1984ರಲ್ಲಿ ಅರೆಕಾಲಿಕ ಗ್ರಾಮಾಧಿಕಾರಿಗಳ ಹುದ್ದೆಗಳನ್ನೇ ರದ್ದು ಮಾಡಿದವು. ದಫ್ತರ ಮನೆಯಿಂದ ಕಚೇರಿಗೆ ಬಂತು. ಆದರೆ ಕಚೇರಿಯ ಬೀರುವಿಗೂ ಬೀಗ ಇರುತ್ತೆ ಅಲ್ವಾ?

ಆ ಬೀಗ ಬ್ರಿಟಿಷರ ಕಾಲದ್ದು. ತಮಾಷೆ ಏನಪ್ಪಾ ಅಂದ್ರೆ, ಕೀಲಿಯೂ ಅವರದ್ದೇ. 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಂ ತೆಗೆದು ನೋಡಿ: ಸಾರ್ವಜನಿಕ ದಾಖಲೆ ಇಟ್ಟುಕೊಂಡಿರುವ ಅಧಿಕಾರಿ, ಅದನ್ನು ನೋಡುವ ಹಕ್ಕಿರುವ ವ್ಯಕ್ತಿ ಕೇಳಿದರೆ, ಶುಲ್ಕ ತೆಗೆದುಕೊಂಡು ದೃಢೀಕರಿಸಿದ ನಕಲು ಕೊಡಲೇಬೇಕು ಅಂತಿತ್ತು. ಆದರೆ ‘ನೋಡುವ ಹಕ್ಕಿರುವ ವ್ಯಕ್ತಿ’ ಯಾರು? ಅದನ್ನು ಮಾತ್ರ ಆ ಕಾಯ್ದೆ ಹೇಳಲಿಲ್ಲ. ಅದೇ ಕಾಯ್ದೆಯ 123ನೇ ಕಲಂ, ಸರ್ಕಾರದ ಅಪ್ರಕಟಿತ ದಾಖಲೆಗಳನ್ನು ಇಲಾಖೆಯ ಮುಖ್ಯಸ್ಥರ ಅನುಮತಿ ಇಲ್ಲದೆ ಸಾಕ್ಷ್ಯವಾಗಿ ತರುವ ಹಾಗಿಲ್ಲ ಅಂದಿತು. ಮುಂದೆ 1923ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆ ಬಂತು. ಗೂಢಚಾರರನ್ನು ಹಿಡಿಯಲು ಮಾಡಿದ್ದು, ಆದರೆ ಅದರ ನೆರಳು ಎಲ್ಲಾ ಕಚೇರಿಗಳ ಮೇಲೂ ಬಿತ್ತು. ಚರಂಡಿ ಕಾಮಗಾರಿಯ ಬಿಲ್ಲೂ ‘ಗೌಪ್ಯ’ ಆಯಿತು. ಸ್ವಾತಂತ್ರ್ಯ ಬಂದಾಗ ನಾವು ಆ ಕಾಯ್ದೆಯನ್ನು ಹಾಗೇ ಇಟ್ಟುಕೊಂಡೆವು.

1975ರಲ್ಲಿ ಇಂದಿರಾ ಗಾಂಧಿಯವರ ಚುನಾವಣೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ಮೊಕದ್ದಮೆಯಲ್ಲಿ ಪ್ರಧಾನಿಯ ಭದ್ರತೆಯ ‘ಬ್ಲೂ ಬುಕ್’ ಕೋರ್ಟಿಗೆ ಬರಬೇಕೋ ಬೇಡವೋ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಬಂತು. ಅದೇ 123ನೇ ಕಲಂ. ಆಗ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ತಿಳಿಯುವ ಹಕ್ಕು ಈ ದೇಶದ ಜನರಿಗಿದೆ ಅನ್ನುವ ಅರ್ಥದಲ್ಲಿ ಬರೆದರು. ಬಹಳ ದೊಡ್ಡ ಮಾತು. ಆದರೆ ಆ ತೀರ್ಪು ಹಿಡಿದುಕೊಂಡು ಪಂಚಾಯ್ತಿ ಕಚೇರಿಗೆ ಹೋದರೆ ಕಾರ್ಯದರ್ಶಿ ಬೀರು ತೆಗೀತಿದ್ದನಾ? ಇಲ್ಲ.

ಬೀರು ತೆಗೆಸಿದವರು ರಾಜಸ್ಥಾನದ ಕೂಲಿಯವರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅರುಣಾ ರಾಯ್ ಹುಟ್ಟಿದ್ದು ಚೆನ್ನೈನಲ್ಲಿ. 1968ರಲ್ಲಿ ಐಎಎಸ್ ಸೇರಿ 1975ರಲ್ಲಿ ಬಿಟ್ಟರು. 1987ರಲ್ಲಿ ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಶಂಕರ್ ಅವರ ಕುಟುಂಬದ ಜೊತೆ ರಾಜಸ್ಥಾನದ ದೇವಡುಂಗ್ರಿ ಅನ್ನೋ ಊರಿನ ಮಣ್ಣಿನ ಮನೆಗೆ ಬಂದರು. 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಮಾಹಿತಿ ಹಕ್ಕು ಅನ್ನೋ ಶಬ್ದ ಆಗ ಯಾರ ಬಾಯಲ್ಲೂ ಇರಲಿಲ್ಲ. ಬೇಡಿಕೆ ಇದ್ದದ್ದು ಕನಿಷ್ಠ ಕೂಲಿಗೆ. ಬರಗಾಲದ ಕಾಮಗಾರಿಯಲ್ಲಿ ರಸ್ತೆ, ಕಟ್ಟೆ ಕೆಲಸ ಮಾಡಿದವರಿಗೆ ಪೂರ್ತಿ ಕೂಲಿ ಕೊಡ್ತಿರಲಿಲ್ಲ. ಯಾಕೆ ಅಂದ್ರೆ, ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗೇ ಇದೆ ಅಂತ ಉತ್ತರ. ಹಾಗಾದ್ರೆ ದಾಖಲೆ ತೋರಿಸಿ ಅಂದ್ರೆ, ಅದು ಸರ್ಕಾರಿ ಗುಟ್ಟು. ಕೂಲಿಯವರಿಗೆ ಅಲ್ಲಿ ಅರ್ಥವಾಯಿತು: ಕೂಲಿ ಬೇಕು ಅಂದ್ರೆ ಮೊದಲು ಕಾಗದ ಬೇಕು.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ‘ಜನ್ ಸುನ್ವಾಯಿ’, ಅಂದರೆ ಜನರ ಅಹವಾಲು ಸಭೆ ನಡೆಯಿತು. ಅಧಿಕಾರಿಗಳಲ್ಲೂ ಒಳ್ಳೆಯವರಿರ್ತಾರೆ, ಹಾಗೆ ನೋಡಲು ಸಿಕ್ಕ ದಾಖಲೆಗಳನ್ನು ಕಾರ್ಯಕರ್ತರು ಕೈಯಲ್ಲೇ ಬರೆದುಕೊಂಡು ಬಂದಿದ್ದರು. ಕೂಲಿಯವರ ಹಾಜರಿ ಪಟ್ಟಿಯನ್ನು, ಅಂದರೆ ಮಸ್ಟರ್ ರೋಲನ್ನು, ಮೈಕಿನಲ್ಲಿ ಓದಿದರು. ಇಂಥವರು, ಇಷ್ಟು ದಿನ ಕೆಲಸ, ಇಷ್ಟು ರೂಪಾಯಿ. ಆ ಸಭೆಯಲ್ಲೂ ಮುಂದೆ ಬೇರೆ ಊರುಗಳಲ್ಲಿ ನಡೆದ ಸಭೆಗಳಲ್ಲೂ ಹೊರಬಿದ್ದದ್ದು ಒಂದೇ ಬಗೆಯ ಕಥೆ. ಪಟ್ಟಿಯಲ್ಲಿ ಸತ್ತವರ ಹೆಸರು. ಊರು ಬಿಟ್ಟು ಪಟ್ಟಣ ಸೇರಿದವರ ಹೆಸರು. ಕಾಗದದಲ್ಲಿ ಪೂರ್ತಿಯಾದ ಕಟ್ಟಡ ಊರಲ್ಲಿ ಅರ್ಧಕ್ಕೆ ನಿಂತಿದೆ. ಕೇಳಿದವರು ಓದು ಬಾರದವರೇ ಹೆಚ್ಚು. ಆದರೆ ಆ ಪಟ್ಟಿಯನ್ನು ಅವರಷ್ಟು ಚೆನ್ನಾಗಿ ಆಡಿಟ್ ಮಾಡುವವರು ಇನ್ಯಾರು? ಯಾವ ಲೆಕ್ಕಪರಿಶೋಧಕನಿಗೂ ಆ ಊರಲ್ಲಿ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಗೊತ್ತಿರಲ್ಲ.

ಗ್ರಾಮಸೇವಕರು ಸಿಟ್ಟಾದರು, ದಾಖಲೆ ಕೊಡಲ್ಲ ಅಂತ ಮುಷ್ಕರವನ್ನೂ ಹೂಡಿದರು. 1995ರ ಏಪ್ರಿಲ್ 5ರಂದು ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಪಂಚಾಯ್ತಿ ಕಾಮಗಾರಿಯ ದಾಖಲೆಗಳ ನಕಲನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ಪಡೆಯಬಹುದು ಅಂತ ಘೋಷಿಸಿದರು. ಮರುದಿನ ಪತ್ರಿಕೆಯಲ್ಲಿ ಬಂತು. ಆಮೇಲೆ ವರ್ಷವಿಡೀ ಏನೂ ಆಗಲಿಲ್ಲ. ಸರಿಯಾಗಿ ವರ್ಷ ತುಂಬಿದ ಮೇಲೆ, 1996ರ ಏಪ್ರಿಲ್ 6ರಂದು, ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಶುರುವಾಯಿತು. ಸರ್ಕಾರ ಒಂದು ಆದೇಶ ಹೊರಡಿಸಿತು: ದಾಖಲೆ ನೋಡಬಹುದು, ನಕಲು ಮಾತ್ರ ಇಲ್ಲ.

ಎಂಥ ಜಾಣತನ ನೋಡಿ! ಕೈಯಲ್ಲಿ ಬರೆದುಕೊಂಡದ್ದಕ್ಕೆ ಯಾವ ಬೆಲೆ? ನಾಳೆ ಅಧಿಕಾರಿ, ಅದು ನೀವೇ ಬರೆದದ್ದು ಅಂತಾನೆ. ಮೊಹರು ಬಿದ್ದ ನಕಲು ಇದ್ದರೆ ಪೊಲೀಸ್ ದೂರು ಕೊಡಬಹುದು, ಕೋರ್ಟಿಗೆ ಹೋಗಬಹುದು. ಕೂಲಿಯವರು ಒಪ್ಪಲಿಲ್ಲ. ನಲವತ್ತು ದಿನ ಕೂತರು. ಹಳ್ಳಿಗಳಿಂದ ಧಾನ್ಯ ಬಂತು, ಪಟ್ಟಣದ ತರಕಾರಿ ಮಾರುವವರು, ಅಂಗಡಿಯವರು ಕೈಲಾದ್ದು ಕೊಟ್ಟರು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’, ನಮ್ಮ ದುಡ್ಡು ನಮ್ಮ ಲೆಕ್ಕ, ಅನ್ನೋ ಘೋಷಣೆ ದೇಶಕ್ಕೆಲ್ಲ ಕೇಳಿತು. ಆ ಹೋರಾಟದ ಹೆಣ್ಣುಮಗಳೊಬ್ಬಳು ಹೇಳಿದ ತರ್ಕ ಇಷ್ಟೇ: ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೂ ವಾಪಸ್ ಬಂದಾಗ ಲೆಕ್ಕ ಕೇಳ್ತೀನಿ, ಸರ್ಕಾರ ನಮ್ಮ ಹೆಸರಲ್ಲಿ ಇಷ್ಟೊಂದು ಖರ್ಚು ಮಾಡುತ್ತೆ, ಅದರ ಲೆಕ್ಕ ಕೇಳಬಾರದಾ?

ಸರ್ಕಾರ ಸಮಿತಿ ಮಾಡಿತು. ಸಮಿತಿ ಅಂದ್ರೆ ಗೊತ್ತಲ್ಲ. 1997ರಲ್ಲಿ ಜೈಪುರದಲ್ಲಿ ಮತ್ತೆ 53 ದಿನ ಧರಣಿ. ಅದರ ಕೊನೆಯಲ್ಲಿ ಉಪಮುಖ್ಯಮಂತ್ರಿ ಹೇಳಿದ್ದು ಕೇಳಿದರೆ ನಗು ಬರುತ್ತೆ: ಪಂಚಾಯ್ತಿ ದಾಖಲೆಗಳ ನಕಲು ಕೊಡುವ ಅಧಿಸೂಚನೆಯನ್ನು ಆರು ತಿಂಗಳ ಹಿಂದೆಯೇ ಹೊರಡಿಸಿದ್ದೇವೆ! ಮಾಹಿತಿ ಕೊಡುವ ಆದೇಶದ ಮಾಹಿತಿಯೇ ಜನರಿಗೆ ಇರಲಿಲ್ಲ.

ಆಮೇಲೆ ರಾಜ್ಯಗಳು ಒಂದೊಂದಾಗಿ ಕಾಯ್ದೆ ಮಾಡಿದವು. ತಮಿಳುನಾಡು, ಗೋವಾ 1997ರಲ್ಲಿ, ರಾಜಸ್ಥಾನ, ಕರ್ನಾಟಕ 2000ದಲ್ಲಿ, ದೆಹಲಿ 2001ರಲ್ಲಿ. ತಮಿಳುನಾಡಿನದ್ದರಲ್ಲಿ ವಿನಾಯಿತಿಗಳೇ ಹೆಚ್ಚು. ದೆಹಲಿಯವರು ನೆನಪಿಡಬೇಕಾದದ್ದು 2002ರ ಡಿಸೆಂಬರ್. ಸುಂದರ್ ನಗರಿಯಲ್ಲಿ ‘ಪರಿವರ್ತನ್’ ಸಂಸ್ಥೆ ಪಾಲಿಕೆಯ 68 ಕಾಮಗಾರಿಗಳ ದಾಖಲೆ ಪಡೆದು ಜನರ ಮುಂದೆ ಓದಿತು. ಸುಮಾರು 1.3 ಕೋಟಿ ರೂಪಾಯಿಯ ಕೆಲಸದಲ್ಲಿ 70 ಲಕ್ಷದಷ್ಟು ಕಾಗದದ ಮೇಲೆ ಮಾತ್ರ ಇತ್ತು ಅಂತ ಆ ಸಭೆ ಲೆಕ್ಕ ಹಾಕಿತು. ಮುಂಬಯಿಯ ಆಜಾದ್ ಮೈದಾನದಲ್ಲಿ 2003ರ ಆಗಸ್ಟ್‌ನಲ್ಲಿ ಅಣ್ಣಾ ಹಜಾರೆ ಉಪವಾಸ ಕೂತರು, ಮಹಾರಾಷ್ಟ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಕೇಂದ್ರ ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು. ಮೊದಲ ಅರ್ಜಿ ಅದೇ ದಿನ ಪುಣೆಯ ಒಂದು ಪೊಲೀಸ್ ಠಾಣೆಗೆ ಬಿತ್ತು. ಈ ಕಾಯ್ದೆಯಲ್ಲಿ ಬ್ಯಾವರ್ ಎಲ್ಲಿದೆ ಅಂತ ಹುಡುಕಬೇಕಾದರೆ 2(ಜೆ) ಕಲಂ ಓದಿ. ದಾಖಲೆ ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ನಕಲು ಪಡೆಯುವುದು, ಅಷ್ಟೇ ಅಲ್ಲ, ಕಾಮಗಾರಿಯ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು, ಎಲ್ಲವೂ ಹಕ್ಕು. ನೋಡಬಹುದು ನಕಲು ಇಲ್ಲ ಅನ್ನೋ ಆಟ ಮುಗಿಯಿತು. ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ಏನೇ ಇದ್ದರೂ ಈ ಕಾಯ್ದೆಯದ್ದೇ ಮೇಲುಗೈ ಅಂತ 22ನೇ ಕಲಂ ಹೇಳುತ್ತೆ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಒಂದು ನೇರ ಉಪಯೋಗ ಇದೆ. ಹಕ್ಕು ಇರುವುದು ಪ್ರತಿ ಭಾರತೀಯ ಪ್ರಜೆಗೆ, ಆ ಊರಿನ ನಿವಾಸಿಗೆ ಮಾತ್ರ ಅಲ್ಲ. ಥಾಣೆಯಲ್ಲೋ ಸಿಕಂದರಾಬಾದಿನಲ್ಲೋ ಕೂತು ನಿಮ್ಮ ಊರಿನ ಗ್ರಾಮ ಪಂಚಾಯ್ತಿಗೆ ಕನ್ನಡದಲ್ಲೇ ಅಂಚೆಯಲ್ಲಿ ಅರ್ಜಿ ಕಳಿಸಬಹುದು. ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಶಬ್ದದೊಳಗೆ. ಹಾಗಾಗಿ ಅಜ್ಜನ ಕಾಲದಿಂದ ಕಥೆ ಹೇಳಬೇಡಿ. ಯಾವ ವರ್ಷದ, ಯಾವ ಕಾಮಗಾರಿಯ, ಯಾವ ದಾಖಲೆ ಅಂತ ಕೇಳಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ ಮಾಹಿತಿ ಆಯೋಗ. ಊರಲ್ಲೇ ಇರುವವರಿಗೆ ಇದು ಅಷ್ಟು ಸುಲಭ ಅಲ್ಲ, ಅದನ್ನೂ ಹೇಳಬೇಕು. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಜಮೀನು ವ್ಯವಹಾರಗಳ ಕಾಗದ ಕೇಳುತ್ತಿದ್ದ ಸತೀಶ್ ಶೆಟ್ಟಿಯವರ ಕೊಲೆಯಾದದ್ದು 2010ರ ಜನವರಿಯಲ್ಲಿ.

ಈಗ ಹೊಸ ಸುದ್ದಿ. ವೈಯಕ್ತಿಕ ಮಾಹಿತಿಯನ್ನು ಕಾಪಾಡುವ 8(1)(ಜೆ) ಕಲಂನಲ್ಲಿ ಮೊದಲು ಒಂದು ಅಳತೆ ಇತ್ತು: ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ, ಅಥವಾ ಅಕಾರಣವಾಗಿ ಖಾಸಗಿತನಕ್ಕೆ ಧಕ್ಕೆ ಆಗುವುದಿದ್ದರೆ ಮಾತ್ರ ನಿರಾಕರಿಸಬಹುದು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಜನರಿಗೂ ನಿರಾಕರಿಸಬಾರದು ಅನ್ನೋ ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 44(3)ನೇ ಕಲಂ ಅದನ್ನೆಲ್ಲ ತೆಗೆದು, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಅಂದರೆ ಸಾಕು ಅನ್ನೋ ಒಂದೇ ಸಾಲಿಗೆ ಇಳಿಸಿತು. ಮಸ್ಟರ್ ರೋಲಿನಲ್ಲಿ ಇರುವುದು ಏನು? ಹೆಸರುಗಳು. ಕೋಟ್ ಕಿರಾನಾದಲ್ಲಿ ಹೆಸರಿಗೆ ಮಸಿ ಬಳಿದು ಪಟ್ಟಿ ಕೊಟ್ಟಿದ್ದರೆ, ಸತ್ತವನು ಕೂಲಿ ತೆಗೆದುಕೊಂಡ ಅಂತ ಹೇಳುವವರು ಯಾರು?

ಸದ್ಯಕ್ಕೆ ಉಳಿದಿರುವ ದಾರಿ 8(2). ಸಾರ್ವಜನಿಕ ಹಿತ ದೊಡ್ಡದು ಅಂತ ಕಂಡರೆ ವಿನಾಯಿತಿ ಇದ್ದರೂ ಕೊಡಬಹುದು ಅನ್ನುತ್ತೆ ಅದು. ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ ಅಂತ 6(2) ಕಲಂನಲ್ಲಿ ಇವತ್ತಿಗೂ ಇದೆ. ಆದರೂ ಹೆಸರುಗಳಿರುವ ಕಾಗದ ಕೇಳುವಾಗ, ಇದು ಸಾರ್ವಜನಿಕ ಹಣದ ಲೆಕ್ಕ, 8(2)ರ ಪ್ರಕಾರ ಕೊಡಿ ಅಂತ ಒಂದು ಸಾಲು ಸೇರಿಸಿಯೇ ಕಳಿಸಿ. 150 ಶಬ್ದದಲ್ಲಿ ಅದಕ್ಕೆ ಹತ್ತು ಹದಿನೈದು ಶಬ್ದ ಹೋಗುತ್ತೆ, ಹೋಗಲಿ.