ಕತ್ತಿನ ಧಮನಿ ಮತ್ತು ಬೆಂಗಳೂರಿನ ಹರಿಯುವ ನೀರು

ಓದುವುದನ್ನು ಒಂದು ಕ್ಷಣ ನಿಲ್ಲಿಸಿ, ಗಂಟಲಿನ ಮುಂಭಾಗದ ಉಬ್ಬಿನ ಪಕ್ಕಕ್ಕೆ ಎರಡು ಬೆರಳುಗಳನ್ನು ಮೆಲ್ಲಗೆ ಇಟ್ಟು ನೋಡಿ. ಬಡಿತ ಸಿಗುತ್ತದೆ. (ಒಮ್ಮೆಗೆ ಒಂದೇ ಬದಿ, ಒತ್ತಬಾರದು. ತರಗತಿಯಲ್ಲಿ ಮಾಡಿಸುವ ಶಿಕ್ಷಕರು ಇದನ್ನು ಮೊದಲೇ ಹೇಳಬೇಕು.) ಅದು ಶೀರ್ಷಧಮನಿ, ವೈದ್ಯರ ಮಾತಿನಲ್ಲಿ ಕ್ಯಾರೋಟಿಡ್. ಈ ಹೆಸರು ಮಂಪರು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಈ ನಾಳವನ್ನು ಅದುಮಿದರೆ ಮಂಪರು ಕವಿಯುತ್ತದೆ ಎಂದು ಹಳೆಯ ಗ್ರೀಕರು ನಂಬಿದ್ದರು. ಕತ್ತಿನ ಮೇಲ್ಭಾಗದಲ್ಲಿ ಧಮನಿ ಕವಲೊಡೆದು ಒಂದು ಕವಲು ಮಿದುಳಿಗೂ ಇನ್ನೊಂದು ಮುಖದ ಕಡೆಗೂ ಹೋಗುತ್ತದೆ. ರಕ್ತದ ಹರಿವು ಅಲ್ಲಿ ಸುಳಿಗೊಳ್ಳುತ್ತದೆ. ರೋಗ ಬೇರೂರುವುದೂ ಬಹುಮಟ್ಟಿಗೆ ಅಲ್ಲಿಯೇ.

ಗದಗ ಜಿಲ್ಲೆಯ ನರೇಗಲ್ಲಿನಂಥ ಊರಿನಲ್ಲಿ ಪಾರ್ಶ್ವವಾಯುವಿಗೆ ‘ಲಕ್ವಾ ಹೊಡೀತು’ ಎನ್ನುತ್ತಾರೆ. ಹೊಡೆತ ಬಿದ್ದದ್ದು ಎಲ್ಲಿ? ಬಲಗೈ ಸೋತು, ಮಾತು ತೊದಲಿದ ಅಜ್ಜನ ಕೈಯಲ್ಲಾಗಲಿ ನಾಲಗೆಯಲ್ಲಾಗಲಿ ದೋಷವಿಲ್ಲ. ದೋಷವಿರುವುದು ಮಿದುಳಿನ ಎಡಭಾಗದಲ್ಲಿ. ಆ ದೋಷದ ಮೂಲ ಕೆಲವೊಮ್ಮೆ ಇನ್ನೂ ಕೆಳಗೆ, ಎಡಗತ್ತಿನ ಧಮನಿಯಲ್ಲಿರುತ್ತದೆ. ಅಲ್ಲಿಂದ ಚೂರೊಂದು ಕಿತ್ತು ಮೇಲೇರಿ ಮಿದುಳಿನ ಸಣ್ಣ ನಾಳವನ್ನು ಮುಚ್ಚಿರುತ್ತದೆ. ಈಗ ಮನೆಯವರ ಪ್ರಶ್ನೆ ಒಂದೇ: ಇನ್ನೊಮ್ಮೆ ಹೊಡೆಯುತ್ತದೆಯೇ? ಇದಕ್ಕೆ ಉತ್ತರ ಹುಡುಕುತ್ತ ವಿಜ್ಞಾನ ಬಹಳ ಕಾಲ ತಪ್ಪು ಜಾಗವನ್ನು ನೋಡುತ್ತಿತ್ತು. ಧಮನಿಯ ಒಳದಾರಿಯನ್ನು ನೋಡುತ್ತಿತ್ತೇ ಹೊರತು ಅದರ ಗೋಡೆಯನ್ನಲ್ಲ.

ಕತ್ತಿನ ನಾಳಗಳ ಮಹತ್ವ ಪ್ರಾಚೀನರಿಗೂ ಗೊತ್ತಿತ್ತು. ಕಂಠನಾಳದ ಇಬ್ಬದಿಯ ನೀಲಾ, ಮನ್ಯಾ ಎಂಬ ಧಮನಿಗಳಿಗೆ ಪೆಟ್ಟಾದರೆ ಮೂಕತನ, ಸ್ವರವಿಕಾರ, ರುಚಿನಾಶ ಉಂಟಾಗುತ್ತವೆ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಇದು ಗಾಯದ ಮಾತು. ಪಾರ್ಶ್ವವಾಯುವಿನ ಜ್ಞಾನವೆಂದು ಇದನ್ನು ಹಿಗ್ಗಿಸುವುದು ಬೇಡ. ಯುರೋಪಿನಲ್ಲಿ 1658ರಲ್ಲಿ ವೆಪ್ಫರ್ ಎಂಬ ಸ್ವಿಸ್ ವೈದ್ಯ, ಇಂಥ ಹಠಾತ್ ಆಘಾತದಿಂದ ಸತ್ತವರ ಮಿದುಳಿನಲ್ಲಿ ರಕ್ತಸ್ರಾವವನ್ನು ತೋರಿಸಿಕೊಟ್ಟ. 1664ರಲ್ಲಿ ಥಾಮಸ್ ವಿಲ್ಲಿಸ್ ಮಿದುಳಿನ ಬುಡದ ಧಮನಿಗಳ ಬಳೆಯನ್ನು ವರ್ಣಿಸಿದ. ಒಂದು ಶೀರ್ಷಧಮನಿ ಪೂರ್ತಿ ಮುಚ್ಚಿದ್ದರೂ ಪಾರ್ಶ್ವವಾಯು ಬಾರದಿದ್ದ ಒಬ್ಬ ಮನುಷ್ಯನನ್ನೂ ಆತ ದಾಖಲಿಸಿದ್ದಾನೆ. ಮುಚ್ಚಿದ ನಾಳವೇ ಯಾವಾಗಲೂ ಅಪಾಯದ ನಾಳವಲ್ಲ ಎಂಬ ಸುಳಿವು ಅಲ್ಲಿತ್ತು. ಅದನ್ನು ಹಿಡಿಯಲು ಮೂರು ಶತಮಾನ ಬೇಕಾಯಿತು.

ಬದುಕಿರುವವರ ಕತ್ತಿನ ಒಳದಾರಿಯನ್ನು ಮೊದಲು ಕಂಡದ್ದು 1927ರ ಜೂನ್‌ನಲ್ಲಿ, ಲಿಸ್ಬನ್ನಿನಲ್ಲಿ. ಏಗಸ್ ಮೋನಿಜ್ ಶೀರ್ಷಧಮನಿಗೆ ಸೋಡಿಯಂ ಅಯೋಡೈಡ್ ದ್ರಾವಣವನ್ನು ಚುಚ್ಚಿ ಕ್ಷ-ಕಿರಣ ಚಿತ್ರ ತೆಗೆದ. ಅದಕ್ಕೆ ಮೊದಲಿನ ಯತ್ನಗಳಲ್ಲಿ ಒಬ್ಬ ರೋಗಿ ಪ್ರಾಣ ಕಳೆದುಕೊಂಡಿದ್ದ. (ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಂದದ್ದು ಈ ಒಳ್ಳೆಯ ಕೆಲಸಕ್ಕಲ್ಲ, ಮನೋರೋಗಿಗಳ ಮಿದುಳಿನ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ. ಬಹುಮಾನಗಳೂ ಎಡವುತ್ತವೆ.) 1951ರಲ್ಲಿ ಕೆನಡಾದ ಮಿಲ್ಲರ್ ಫಿಷರ್, ಪಾರ್ಶ್ವವಾಯುವಿನಿಂದ ಸತ್ತವರ ಕತ್ತನ್ನೂ ಪರೀಕ್ಷಿಸಿ, ಮುಚ್ಚಿದ ಶೀರ್ಷಧಮನಿಗಳನ್ನು ವಿವರಿಸಿದ. ಆಘಾತಕ್ಕೆ ಮುಂಚೆ ಕೆಲವರಿಗೆ ಒಂದು ಕಣ್ಣು ಕೆಲ ನಿಮಿಷ ಮಂಜಾಗಿ ಮತ್ತೆ ಸರಿಹೋಗಿತ್ತೆಂದೂ ಗುರುತಿಸಿದ. ಈ ಎಚ್ಚರಿಕೆಯನ್ನು ಇಂದಿಗೂ ಎಷ್ಟೋ ಜನ ‘ಪಿತ್ತ ಏರಿತ್ತು’ ಎಂದು ಬಿಟ್ಟುಬಿಡುತ್ತಾರೆ.

ಶಸ್ತ್ರವೈದ್ಯರು ಕೂಡಲೇ ಮುಂದಾದರು. 1953ರಲ್ಲಿ ಹ್ಯೂಸ್ಟನ್ನಿನಲ್ಲಿ ಡಿಬೇಕಿ, 1954ರಲ್ಲಿ ಲಂಡನ್ನಿನಲ್ಲಿ ಈಸ್ಟ್‌ಕಾಟ್ ಮತ್ತು ಸಂಗಡಿಗರು ರೋಗಗ್ರಸ್ತ ಧಮನಿಯನ್ನು ಸರಿಪಡಿಸಿದರು. ಯಾರಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬುದು ಸ್ಪಷ್ಟವಾದದ್ದು 1991ರಲ್ಲಿ. ಉತ್ತರ ಅಮೆರಿಕದ ಪ್ರಯೋಗವೊಂದರಲ್ಲಿ ಧಮನಿ ಶೇ. 70ರಿಂದ 99ರಷ್ಟು ಕಿರಿದಾಗಿ, ಆಗಲೇ ಲಕ್ಷಣ ತೋರಿದ್ದ 659 ರೋಗಿಗಳಿದ್ದರು. ಎರಡು ವರ್ಷಗಳಲ್ಲಿ ಅದೇ ಬದಿಯ ಪಾರ್ಶ್ವವಾಯುವಿನ ಅಪಾಯ ಔಷಧಿ ಮಾತ್ರ ಪಡೆದವರಲ್ಲಿ ಶೇ. 26, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 9. ಅಂದಿನಿಂದ ‘ಎಷ್ಟು ಪರ್ಸೆಂಟ್?’ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಆದರೆ ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಅಷ್ಟು ಕಿರಿದಾದ ನಾಳವಿದ್ದವರಲ್ಲೂ ನಾಲ್ಕರಲ್ಲಿ ಸುಮಾರು ಮೂವರಿಗೆ ಎರಡು ವರ್ಷಗಳಲ್ಲಿ ಮರು ಆಘಾತ ಬರಲಿಲ್ಲ. ಅತ್ತ, ಅರ್ಧವೂ ಕಿರಿದಾಗದ ನಾಳದವರಲ್ಲಿ ಕೆಲವರಿಗೆ ಬರುತ್ತದೆ. ಏಕೆ?

ಕೊಳವೆಬಾವಿಯ ಗಡುಸು ನೀರಿನಿಂದ ನಳದೊಳಗೆ ಸುಣ್ಣ ಕಟ್ಟುವುದನ್ನು ನರೇಗಲ್ಲಿನ ವಿದ್ಯಾರ್ಥಿ ಕಂಡಿರುತ್ತಾನೆ. ಧಮನಿಯೂ ಹಾಗೆಯೇ ಎಂದು ನಾವು ಪಾಠ ಮಾಡುತ್ತೇವೆ. ಹೋಲಿಕೆ ಅರ್ಧ ಮಾತ್ರ ಸರಿ. ಕೊಬ್ಬಿನ ಗಂಟು ನಾಳದ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ; ಗೋಡೆಯ ಒಳಗೇ ಬೆಳೆಯುತ್ತದೆ. ಗೋಡೆ ಹೊರಕ್ಕೆ ಉಬ್ಬಿ ಒಳದಾರಿಯನ್ನು ಬಹುಕಾಲ ಹಾಗೆಯೇ ಉಳಿಸಿಕೊಳ್ಳುತ್ತದೆ. 1987ರಲ್ಲಿ ಷಿಕಾಗೋದ ಸೀಮೋರ್ ಗ್ಲಾಗೋವ್ ಹೃದಯದ ಧಮನಿಗಳಲ್ಲಿ ಇದನ್ನು ಅಳೆದು ತೋರಿಸಿದ: ಗಂಟು ನಾಳದ ಸುಮಾರು ಶೇ. 40 ಜಾಗವನ್ನು ಆಕ್ರಮಿಸುವವರೆಗೆ ದಾರಿ ಕಿರಿದಾಗದೆ ಇರಬಹುದು. ಒಳದಾರಿಯನ್ನಷ್ಟೇ ತೋರಿಸುವ ಚಿತ್ರಕ್ಕೆ ಇದು ಕಾಣುವುದೇ ಇಲ್ಲ.

ಗೋಡೆಯನ್ನು ನೋಡುವ ಬಗೆ ಹೇಗೆ? ಇಲ್ಲಿ ನಾವು ಬೆಂಗಳೂರಿಗೆ ಬರಬೇಕು.

ಬ್ಲಾಕ್ ಮತ್ತು ಪರ್ಸೆಲ್ ದ್ರವ, ಘನಗಳಲ್ಲಿ ನ್ಯೂಕ್ಲಿಯ ಕಾಂತೀಯ ಅನುರಣನೆಯನ್ನು ಕಂಡದ್ದು 1946ರಲ್ಲಿ ವರದಿಯಾಯಿತು. ಬಲವಾದ ಕಾಂತಕ್ಷೇತ್ರದಲ್ಲಿ ಹೈಡ್ರೊಜನ್ನಿನ ಪ್ರೋಟಾನ್‌ಗಳು ವಾಲಿದ ಬುಗುರಿಗಳಂತೆ ನಿಶ್ಚಿತ ಆವೃತ್ತಿಯಲ್ಲಿ ತಿರುಗುತ್ತವೆ. ಅದೇ ಆವೃತ್ತಿಯ ರೇಡಿಯೋ ತರಂಗ ಕೊಟ್ಟರೆ ಓಗೊಡುತ್ತವೆ. 1.5 ಟೆಸ್ಲಾ ಕ್ಷೇತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್. ಕೇವಲ ಐದು ವರ್ಷಗಳ ನಂತರ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಜಿ. ಸೂರ್ಯನ್ ಕಾಂತದ ನಡುವೆ ನೀರನ್ನು ಹರಿಯಬಿಟ್ಟು ಸಂಕೇತವನ್ನು ಅಳೆದರು. ನಿಂತ ನೀರಿಗಿಂತ ಹರಿಯುವ ನೀರು ಹೆಚ್ಚು ಬಲವಾದ ಸಂಕೇತ ಕೊಟ್ಟಿತು!

ಕಾರಣವನ್ನು ತರಗತಿಯಿಂದಲೇ ವಿವರಿಸಬಹುದು. ಒಂದೇ ಪ್ರಶ್ನೆಯನ್ನು ಬಿಡುವಿಲ್ಲದೆ ಕೇಳುತ್ತಿದ್ದರೆ ಮಕ್ಕಳು ದಣಿದು ಉತ್ತರ ಕ್ಷೀಣಿಸುತ್ತದೆ. ಪ್ರೋಟಾನ್‌ಗಳೂ ಹಾಗೆ, ಚೇತರಿಸಿಕೊಳ್ಳಲು ಅವಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೆ ಮೊದಲೇ ಮತ್ತೆ ಮತ್ತೆ ತರಂಗ ಕೊಟ್ಟರೆ ಅವು ಪರ್ಯಾಪ್ತಗೊಳ್ಳುತ್ತವೆ. ಆದರೆ ಒಂದು ಬಾಗಿಲಿಂದ ದಣಿದವರು ಹೋಗಿ ಇನ್ನೊಂದರಿಂದ ಹೊಸಬರು ಬರುತ್ತಿದ್ದರೆ? ಉತ್ತರ ಪ್ರತಿ ಸಲ ಗಟ್ಟಿಯಾಗಿಯೇ ಬರುತ್ತದೆ. ಸೂರ್ಯನ್ ಅವರ ಬರಹ ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಅಚ್ಚಾಯಿತು. ಅದು ಶುದ್ಧ ಭೌತವಿಜ್ಞಾನ. ರಕ್ತವೂ ಹರಿಯುವ ದ್ರವವೇ ಎಂಬ ಎಳೆಯನ್ನು ಹಿಡಿದು 1959ರಲ್ಲಿ ಅಮೆರಿಕದ ಜೆ.ಆರ್. ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಳೆದ. 1973ರಲ್ಲಿ ಲಾಟರ್‌ಬರ್ ಅನುರಣನೆಯಿಂದ ಬಿಂಬ ಪಡೆದ. ಮ್ಯಾನ್ಸ್‌ಫೀಲ್ಡ್ ಜೊತೆಗೆ ಆತನಿಗೆ 2003ರಲ್ಲಿ ನೊಬೆಲ್ ಬಂತು. ಇಂದು ಎಂ.ಆರ್.ಐ. ಯಂತ್ರ ಸೂಜಿಯನ್ನೂ ಚುಚ್ಚದೆ ಕತ್ತಿನ ಧಮನಿಗಳನ್ನು ಬೆಳ್ಳಗೆ ಬೆಳಗಿಸಿ ತೋರಿಸುವ ಒಂದು ಮುಖ್ಯ ವಿಧಾನದ ತಳದಲ್ಲಿರುವುದು ಬೆಂಗಳೂರಿನಲ್ಲಿ ಕಂಡ ಆ ಪರಿಣಾಮವೇ. ನಮ್ಮ ಪಠ್ಯಪುಸ್ತಕಗಳಲ್ಲಿ ಸೂರ್ಯನ್ ಹೆಸರಿಗೆ ಜಾಗ ಸಿಗಬೇಕಿತ್ತು.

ಬೆಳ್ಳಗೆ ಕಂಡದ್ದೂ ಒಳದಾರಿಯೇ. ಗೋಡೆ ಕಾಣಲು ತಂತ್ರವನ್ನು ತಿರುಗಿಸಬೇಕಾಯಿತು: ಹರಿಯುವ ರಕ್ತದ ಸಂಕೇತವನ್ನು ಬೇಕೆಂದೇ ಅಳಿಸಿ ಅದನ್ನು ಕಪ್ಪಾಗಿಸಿದರೆ ಸುತ್ತಲಿನ ಗೋಡೆ ಎದ್ದು ಕಾಣುತ್ತದೆ. ಕೊಬ್ಬು, ನಾರು, ಸುಣ್ಣ ಬೇರೆ ಬೇರೆ ಛಾಯೆ ತಾಳುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಗಂಟಿನೊಳಗಿನ ರಕ್ತಸ್ರಾವ. ಸೋರಿದ ರಕ್ತದ ಹೀಮೋಗ್ಲೋಬಿನ್ ದಿನ ಕಳೆದಂತೆ ಮೆಟ್‌ಹೀಮೋಗ್ಲೋಬಿನ್ ಆಗುತ್ತದೆ. ಅದರ ಕಬ್ಬಿಣ ನೆರೆಯ ಪ್ರೋಟಾನ್‌ಗಳನ್ನು ಬೇಗ ಚೇತರಿಸುವಂತೆ ಮಾಡಿ ಆ ಜಾಗವನ್ನು ಹೊಳೆಯಿಸುತ್ತದೆ. ಅಮೆರಿಕದ ಸಿಯಾಟಲ್ ತಂಡ 154 ಜನರನ್ನು ಮೂರು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದಂತೆ, ಇಂಥ ರಕ್ತಸ್ರಾವ ಇದ್ದವರಿಗೆ ಮುಂದಿನ ಆಘಾತದ ಅಪಾಯ ಸುಮಾರು ಐದು ಪಟ್ಟು. ಘಟನೆಗಳ ಸಂಖ್ಯೆ ಕೇವಲ 12 ಎಂಬುದನ್ನೂ ನೆನಪಿಡಬೇಕು. ಆದರೂ ನಂತರದ ಅಧ್ಯಯನಗಳು ಅದೇ ದಿಕ್ಕನ್ನು ತೋರಿವೆ.

ಒಂದೇ ವ್ಯಕ್ತಿಯನ್ನು ಮತ್ತೆ ಮತ್ತೆ ನೋಡುವುದರ ಬೆಲೆ ತಿಳಿದದ್ದು 2001ರಲ್ಲಿ. ಕೊಲೆಸ್ಟೆರಾಲ್ ಹೆಚ್ಚಿದ್ದ 18 ಜನರಿಗೆ ಸಿಮ್ವಾಸ್ಟಾಟಿನ್ ಮಾತ್ರೆ ಕೊಟ್ಟು ಎಂ.ಆರ್.ಐ.ಯಿಂದ ಗಮನಿಸಿದಾಗ, ಒಂದು ವರ್ಷಕ್ಕೆ ಧಮನಿಯ ಗೋಡೆ ತೆಳುವಾಗಿತ್ತು. ಒಳದಾರಿ ಮಾತ್ರ ಮೊದಲಿನಷ್ಟೇ ಇತ್ತು. ಹಳೆಯ ವಿಧಾನದಲ್ಲಿ ನೋಡಿದ್ದರೆ ‘ಮಾತ್ರೆಯಿಂದ ಏನೂ ಆಗಿಲ್ಲ’ ಎನ್ನಬೇಕಾಗುತ್ತಿತ್ತು.

ಇದು ಇನ್ನೂ ದಿನನಿತ್ಯದ ಪರೀಕ್ಷೆಯಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ಗೋಡೆಯನ್ನು ಬಿಡಿಸಿ ನೋಡಲು ಕತ್ತಿಗೆ ವಿಶೇಷ ಸುರುಳಿ ಬೇಕು. ರೋಗಿ ಉಗುಳು ನುಂಗಿದರೂ ಚಿತ್ರ ಕದಡುತ್ತದೆ. ಭಾರತೀಯರಲ್ಲಿ ತಲೆಬುರುಡೆಯ ಒಳಗಿನ ಧಮನಿಗಳ ರೋಗವೂ ಗಣನೀಯವಾದ್ದರಿಂದ ಕತ್ತೊಂದನ್ನೇ ನೋಡಿದರೆ ಸಾಲದು. ಆಘಾತವಾದ ಮೊದಲ ಗಂಟೆಗಳಲ್ಲಿ ಬೇಕಾದದ್ದು ಬೇಗ ಸಿಗುವ ಸಿ.ಟಿ.; ಕತ್ತಿಗೆ ಮೊದಲ ಪರೀಕ್ಷೆ ಸಾಮಾನ್ಯವಾಗಿ ಡಾಪ್ಲರ್. ಶಸ್ತ್ರಚಿಕಿತ್ಸೆ ಬೇಕಾದವರಿಗೆ ಎರಡು ವಾರದೊಳಗೆ ಆದರೆ ಹೆಚ್ಚು ಲಾಭ ಎಂದು 2004ರಲ್ಲೇ ಆಕ್ಸ್‌ಫರ್ಡಿನ ಪೀಟರ್ ರಾಥ್‌ವೆಲ್ ತಂಡ ತೋರಿಸಿದೆ. ನರೇಗಲ್ಲಿನಿಂದ ಎಂ.ಆರ್.ಐ. ಎಂದರೆ ಗದಗ ಇಲ್ಲವೇ ಹುಬ್ಬಳ್ಳಿಯ ಪ್ರಯಾಣ, ಜೊತೆಗೊಬ್ಬರು, ಒಂದು ದಿನದ ಕೂಲಿ. ಆ ಎರಡು ವಾರ ಹೀಗೆಯೇ ಕರಗುತ್ತವೆ.

ಆದ್ದರಿಂದ ನಿಮ್ಮ ಓಣಿಯಲ್ಲಿ ಯಾರಾದರೂ ಲಕ್ವಾದಿಂದ ಚೇತರಿಸಿಕೊಳ್ಳುತ್ತಿದ್ದರೆ ಅವರ ವರದಿಯನ್ನು ಓದಿ ನೋಡಿ. ‘ಶೇ. 40 ಕಿರಿದು’ ಎಂದಿದ್ದರೆ ಅಪಾಯ ತಪ್ಪಿತೆಂದು ಮಾತ್ರೆ ನಿಲ್ಲಿಸಲು ಬಿಡಬೇಡಿ. ಗೋಡೆಯ ಬಗ್ಗೆ ಏನು ಬರೆದಿದೆ ಎಂದು ವೈದ್ಯರನ್ನು ಕೇಳಲು ಹೇಳಿ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಆ ದೊಡ್ಡ ಕಪ್ಪು ಫಿಲ್ಮು, ಸಿ.ಡಿ. ಇದ್ದರೆ ಅದೂ, ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಚೀಲದಲ್ಲಿರಲಿ. ಹೊಸ ಚಿತ್ರವನ್ನು ವೈದ್ಯರು ಅದರ ಪಕ್ಕದಲ್ಲಿಟ್ಟೇ ನೋಡಬೇಕು.