ಕಡದ ಪುಸ್ತಕ ಮತ್ತು ಕ್ರಯದ ಬೋರ್ಡು

ನಮ್ಮ ಸೀಮೆಯ ಊರುಗಳ ಹೆಸರಿನಲ್ಲೇ ಅಂಗಡಿ ಉಂಟು. ಮಂಜೇಶ್ವರದ ಹತ್ತಿರ ಹೊಸಂಗಡಿ, ಕುಂಬಳೆಯಿಂದ ಒಳಗೆ ಅಂಗಡಿಮೊಗರು. ಬಡಗಿಗೆ ಗಡಿ ದಾಟಿದರೆ ಹಳೆಯಂಗಡಿ, ಬೆಳ್ತಂಗಡಿ, ಉಪ್ಪಿನಂಗಡಿ. ತೆಂಕಿಗೆ ಮಲಪ್ಪುರದವರೆಗೆ ಹೋದರೆ ಪರಪ್ಪನಂಗಾಡಿ, ತಿರೂರಂಗಾಡಿ. ಒಂದು ಜಾಗಕ್ಕೆ ಅಲ್ಲಿರುವ ಅಂಗಡಿಯಿಂದಲೇ ಹೆಸರು ಬರಬೇಕಾದರೆ, ಅಂಗಡಿ ಎನ್ನುವುದು ಆಗಿನ ಕಾಲಕ್ಕೆ ಎಷ್ಟು ಅಪರೂಪದ, ಎಷ್ಟು ಬೇಕಾದ ವಸ್ತುವಾಗಿತ್ತು ಎಂದು ಊಹಿಸಬಹುದು.

ಈಗ ಪೇಟೆಗಳಲ್ಲಿ ದೊಡ್ಡ ದೊಡ್ಡ ಸೂಪರ್ ಮಾರ್ಕೆಟುಗಳು ಬಂದಿವೆ. ಒಂದೇ ಹೆಸರಿನ ಅಂಗಡಿ ಹತ್ತು ಊರಿನಲ್ಲಿ, ಎಲ್ಲಾ ಕಡೆ ಒಂದೇ ಬೋರ್ಡು, ಒಂದೇ ಕ್ರಯ. ಇವುಗಳಿಂದ ಊರಿನ ಸಣ್ಣ ಅಂಗಡಿ ಮುಚ್ಚಿಹೋಗುತ್ತದೆ ಎಂಬ ಮಾತು ನಮ್ಮ ವಾಚನಾಲಯದ ಜಗಲಿಯಲ್ಲಿ ಆಗಾಗ ಬರುತ್ತದೆ. ಸಣ್ಣ ಅಂಗಡಿಯೆಂದರೆ ಪ್ರೀತಿ ವಿಶ್ವಾಸ, ದೊಡ್ಡದೆಂದರೆ ಬರೀ ಲಾಭ ಎಂದು ಕೆಲವರು ವಾದಿಸುತ್ತಾರೆ. ಚರಿತ್ರೆಯನ್ನು ನೋಡಿದರೆ ವಿಷಯ ಅಷ್ಟು ಸಲೀಸಲ್ಲ. ನಾನು ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ನೂರು ವರ್ಷದ ಹಿಂದೆ ನಮ್ಮ ಹಳ್ಳಿಯ ಮನೆಗಳಿಗೆ ಅಂಗಡಿಯಿಂದ ಬೇಕಾಗುತ್ತಿದ್ದದ್ದು ಸ್ವಲ್ಪವೇ. ಅಕ್ಕಿ ಗದ್ದೆಯಿಂದ ಬರುತ್ತಿತ್ತು. ಅದನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. 14 ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಕೂಲಿಯೂ ಅಕ್ಕಿಯಲ್ಲಿ, ಗೇಣಿಯೂ ಅಕ್ಕಿಯಲ್ಲಿ. ತೆಂಗಿನೆಣ್ಣೆ ಮನೆಯದ್ದು. ಹಣ ಕೊಟ್ಟು ತರುತ್ತಿದ್ದದ್ದು ಉಪ್ಪು, ಒಣಮೀನು, ಮೆಣಸು, ಬೆಲ್ಲ, ಹೊಗೆಸೊಪ್ಪು, ಬಟ್ಟೆ, ಮತ್ತೆ ಸೀಮೆಎಣ್ಣೆ. 1907ರ ಹೊತ್ತಿಗೆ ರೈಲು ಕಾಸರಗೋಡು ದಾಟಿ ಮಂಗಳೂರು ಮುಟ್ಟಿತು. ಸ್ಟೇಷನ್ ಇದ್ದಲ್ಲಿ ಪೇಟೆ ಬೆಳೆಯಿತು, ಪೇಟೆಯ ಸಾಮಾನು ತಲೆಹೊರೆಯಲ್ಲಿ, ಎತ್ತಿನ ಗಾಡಿಯಲ್ಲಿ ಒಳಗಿನ ಊರುಗಳಿಗೆ ಬಂತು.

ಆ ಸಣ್ಣ ಅಂಗಡಿಯ ಜೀವ ಇದ್ದದ್ದು ಸಾಮಾನಿನಲ್ಲಲ್ಲ, ಕಡದಲ್ಲಿ. ನಮ್ಮದು ಅಡಿಕೆಯ ನಾಡು. ಮನೆಗೆ ಹಣ ಬರುವುದು ವರ್ಷಕ್ಕೊಮ್ಮೆ, ಅಡಿಕೆ ಸುಲಿದು ಮಾರಿದ ಮೇಲೆ. ಹೊಟ್ಟೆಯ ಕಷ್ಟ ಇರುವುದು ಆಟಿ ತಿಂಗಳ ಮಳೆಗೆ. ಕೂಲಿ ಕೆಲಸವೂ ಇಲ್ಲದ ಆ ಎರಡು ತಿಂಗಳು ಊರನ್ನು ದಾಟಿಸುತ್ತಿದ್ದದ್ದು ಅಂಗಡಿಯ ಕಡದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಪ್ರತಿ ಮನೆಗೆ ಒಂದು ಪುಟ. ನಾನು ಹುಡುಗನಾಗಿದ್ದಾಗ ಚೀಲ ಹಿಡಿದು ಹೋದರೆ ಅಂಗಡಿಯ ಕಾಕ ಹಣ ಎಂಬ ಮಾತೇ ಎತ್ತುತ್ತಿರಲಿಲ್ಲ. "ಅಪ್ಪನಿಗೆ ಹೇಳು, ಬರೆದಿಟ್ಟಿದ್ದೇನೆ" ಎನ್ನುತ್ತಿದ್ದರು. ಮಲಯಾಳ ಮನೆಮಾತಿನ ಅವರು ನನ್ನೊಡನೆ ಕನ್ನಡ, ನನ್ನ ಹಿಂದೆ ನಿಂತವರೊಡನೆ ತುಳು, ಪೇಟೆಯ ಸಾಹುಕಾರರು ಬಂದರೆ ಕೊಂಕಣಿ ಮಾತಾಡುತ್ತಿದ್ದರು. ಸಪ್ತಭಾಷೆಯ ನಾಡು ಎಂದು ನಾವು ಭಾಷಣದಲ್ಲಿ ಹೇಳುವುದು ದಿನನಿತ್ಯ ನಡೆಯುತ್ತಿದ್ದದ್ದು ಆ ಹಲಗೆಯ ಮುಂದೆ.

ಆದರೆ ಆ ಪುಸ್ತಕಕ್ಕೆ ಇನ್ನೊಂದು ಮುಖ ಇತ್ತು. ಕಡ ಇಟ್ಟವನು ಕ್ರಯ ಕೇಳುವ ಹಾಗಿಲ್ಲ. ತೂಕ ಕಡಿಮೆಯಾಯಿತು ಎನ್ನುವ ಹಾಗಿಲ್ಲ. ಬೇರೆ ಅಂಗಡಿಗೆ ಹೋಗುವ ಹಾಗೂ ಇಲ್ಲ. ಎಷ್ಟೋ ಕಡೆ ಸಾಮಾನು ಕೊಡುವವನೇ ಅಡಿಕೆ, ಕರಿಮೆಣಸು ಕೊಳ್ಳುವವನೂ ಆಗಿದ್ದ. ಕೊಡುವ ಕ್ರಯವೂ ಅವನದ್ದು, ತೆಗೆದುಕೊಳ್ಳುವ ಕ್ರಯವೂ ಅವನದ್ದು. ಓದು ಬಾರದವನಿಗೆ ತನ್ನ ಪುಟದಲ್ಲಿ ಏನು ಬರೆದಿದೆ ಎಂದೇ ಗೊತ್ತಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಮಂದಿ ಕೆಲಸಗಾರರು, ಅವರಲ್ಲಿ ಹಲವರು ನೇಕಾರರು, ಇದೇ ತೊಂದರೆಗೆ ಉಪಾಯವಾಗಿ 1844ರ ಡಿಸೆಂಬರ್ 21ರಂದು ತಮ್ಮದೇ ಒಂದು ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಹೀಗೆ ಕೆಲವೇ ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಲಾಭ ಸದಸ್ಯರಿಗೆ ಹಂಚಿಕೆ, ಆದರೆ ಕಡ ಇಲ್ಲ, ಇದು ಅವರ ನಿಯಮ. ಅವರ ಲೆಕ್ಕದಲ್ಲಿ ಕಡವೇ ಬಡವನ ಕಾಲಿನ ಹಗ್ಗ. ಲೋಕದ ಸಹಕಾರ ಚಳವಳಿಗೆ ಈ ಅಂಗಡಿಯೇ ಮಾದರಿಯಾಯಿತು. 1904ರಲ್ಲಿ ಮದರಾಸಿನ ಟ್ರಿಪ್ಲಿಕೇನಿನಲ್ಲಿ ಅದೇ ಮಾದರಿಯ ಸಹಕಾರಿ ಭಂಡಾರ ಹುಟ್ಟಿತು. ಅದು ನಗರದಲ್ಲಿ ಶಾಖೆಯ ಮೇಲೆ ಶಾಖೆ ತೆರೆಯಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲೆ ಮದರಾಸು ಪ್ರಾಂತ್ಯದ್ದು. ಅದೇ ಗಾಳಿ ಇಲ್ಲಿಗೂ ಬೀಸಿತು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘ ಕಟ್ಟಿದರು. ಅಂಗಡಿಯ ಕಡದ ಬದಲು ಸೊಸೈಟಿಯ ಸಾಲ ಎಂಬ ದಾರಿ ಜಿಲ್ಲೆಯ ರೈತನಿಗೆ ಕಂಡದ್ದು ಆಗ.

ಅಂದರೆ ಸರಣಿ ಅಂಗಡಿ ಮೊದಲು ನಮ್ಮ ಕಡೆಗೆ ಬಂದದ್ದು ದೊಡ್ಡ ಕಂಪೆನಿಯ ವೇಷದಲ್ಲಿ ಅಲ್ಲ. ನಮ್ಮ ಹಳ್ಳಿ ಕಂಡ ಮೊದಲ ಸರಣಿ ಅಂಗಡಿ ರೇಷನ್ ಅಂಗಡಿ ಎಂದು ನಾನು ಹೇಳುತ್ತೇನೆ. 1942ರಲ್ಲಿ ಬರ್ಮಾ ಜಪಾನೀಯರ ಕೈ ಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ಕರಾವಳಿಗೆ ರೇಷನ್ ಬಂತು. ರಾಜ್ಯ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಕ್ಕಿಗೆ ಹೊರಗಿನವರನ್ನೇ ನಂಬಿದ್ದ ಕೇರಳದಲ್ಲಿ 1960ರ ದಶಕದ ನಡುವೆ ಮನೆಮನೆಗೆ ರೇಷನ್ ಕಾರ್ಡು ಬಂತು. ಒಂದೇ ಕ್ರಯ, ಕಾರ್ಡಿನಲ್ಲಿ ಬರಹ, ಬಡವನಿಗೂ ಧನಿಗೂ ಒಂದೇ ಸಾಲು.

ಅದೇ ಸಮಯಕ್ಕೆ ಅಳತೆಯೂ ಬದಲಾಯಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯೇ ಪೈಸೆ ಆಯಿತು. 1958ರಿಂದ ಹಂತ ಹಂತವಾಗಿ ಕಿಲೋ ಬಂತು. ಸೇರು, ಪಾವು, ಕುಡ್ತೆ, ರಾತಲು ಎಲ್ಲ ಮೂಲೆಗೆ ಸರಿದವು. ಹಿರಿಯರಿಗೆ ಇದು ದೊಡ್ಡ ತಲೆಬೇನೆ. ಆದರೆ ಊರಿಗೊಂದು ಸೇರು, ಅಂಗಡಿಗೊಂದು ಕುಡ್ತೆ ಇದ್ದ ಕಾಲದಲ್ಲಿ ಮೋಸ ಹೋದವರಿಗೆ ಕಿಲೋದ ಬೊಟ್ಟು ಒಂದು ರಕ್ಷೆಯೇ ಆಯಿತು.

ಕೇರಳ ಸರಕಾರ 1974ರಲ್ಲಿ ಸಪ್ಲೈಕೋ ಎಂಬ ನಿಗಮ ಮಾಡಿತು. 1980ರ ದಶಕದಲ್ಲಿ ಅದರ ಮಾವೇಲಿ ಸ್ಟೋರುಗಳು ಊರೂರಿಗೆ ಬಂದವು. ಎಲ್ಲರೂ ಒಂದೇ ರೀತಿ ಬಾಳಿದ ಮಾವೇಲಿಯ, ನಮ್ಮ ಬಲೀಂದ್ರನ, ಹೆಸರನ್ನೇ ಇಟ್ಟದ್ದು ಬರೀ ಚಂದಕ್ಕಲ್ಲ. ಹೆಸರು, ಉದ್ದು, ಕಡಲೆ, ತೊಗರಿ, ಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ, ಅಕ್ಕಿ ಮುಂತಾದ 13 ಬಗೆಯ ಸಾಮಾನು ಸಬ್ಸಿಡಿ ಕ್ರಯಕ್ಕೆ. ಗೋಡೆಯಲ್ಲಿ ಕಪ್ಪು ಬೋರ್ಡು, ಅದರಲ್ಲಿ ಆ ದಿನದ ಕ್ರಯ. ಪಕ್ಕದ ಖಾಸಗಿ ಅಂಗಡಿಯವರು ತೊಗರಿಗೆ ಎಷ್ಟು ಹೇಳಬಹುದು ಎಂಬುದಕ್ಕೆ ಆ ಬೋರ್ಡು ಕಡಿವಾಣ. ಮಾರುವ ಕಡೆಯಲ್ಲೂ ಇದೇ ಆಯಿತು. ಅಡಿಕೆಯ ಕ್ರಯ ಬಿದ್ದು ಬೆಳೆಗಾರ ಕಂಗಾಲಾದ ಮೇಲೆ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರದ್ದೇ ಸಂಸ್ಥೆ. ಅದರ ಶಾಖೆಯ ಬೋರ್ಡಿನಲ್ಲಿ ಅಡಿಕೆಯ ಕ್ರಯ ಬರೆದ ದಿನದಿಂದ ಕಡದ ಪುಸ್ತಕದ ಹಿಡಿತ ಅರ್ಧ ಸಡಿಲಾಯಿತು. 1970ರ ಭೂಸುಧಾರಣೆಯಲ್ಲಿ ಗೇಣಿಯೂ ಹೋಯಿತು, ಆಮೇಲೆ ಗಲ್ಫಿನ ಹಣವೂ ಬಂತು. ನಗದು ಕೊಟ್ಟು ಕೊಳ್ಳುವವರು ಮೊದಲ ಸಲ ಊರಿನಲ್ಲಿ ಹೆಚ್ಚಾದರು.

ಇಲ್ಲಿ ಇನ್ನೊಂದು ವಿಷಯ ಹೇಳದಿದ್ದರೆ ಈ ಚರಿತ್ರೆ ಅರ್ಧ ಸುಳ್ಳಾಗುತ್ತದೆ. ವಾಚನಾಲಯದಲ್ಲಿ ಒಮ್ಮೆ ಇದೇ ಚರ್ಚೆ ನಡೆಯುವಾಗ, ಹಳೆಯ ಅಂಗಡಿಯ ಜಗಲಿಯನ್ನು ನಾವೆಲ್ಲ ಹೊಗಳುತ್ತಿದ್ದೆವು. ಮೂಲೆಯಲ್ಲಿ ಕೂತಿದ್ದ ಹಿರಿಯಕ್ಕ ಒಬ್ಬರು ತುಳುವಿನಲ್ಲಿ ಕೇಳಿದರು: "ಆ ಜಗಲಿಗೆ ನಮ್ಮವರನ್ನು ಹತ್ತಿಸಿದ್ದು ಯಾವಾಗ ಮಾಷ್ಟ್ರೇ?" ಯಾರೂ ಮಾತಾಡಲಿಲ್ಲ. ಅವರ ಅಜ್ಜಿಯ ಕಾಲದಲ್ಲಿ ಅಂಗಳದಲ್ಲಿ ನಿಂತು ದುಡ್ಡು ನೆಲದಲ್ಲಿ ಇಡಬೇಕು, ಸಾಮಾನನ್ನು ದೂರದಿಂದ ಹಾಕುತ್ತಿದ್ದರು. ನಮ್ಮ ಸಂವಿಧಾನದ 15ನೇ ವಿಧಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳನ್ನು ಹೆಸರಿಸುವಾಗ ಮೊದಲು ಹೇಳುವುದೇ ಅಂಗಡಿಯನ್ನು. ಹೋಟೆಲು, ಕೆರೆ, ಬಾವಿ ಅದರ ಮೇಲೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನಿನಲ್ಲೂ ಅಂಗಡಿ ಉಂಟು. ಬಟ್ಟಲು ಸಕ್ಕರೆ ಕೊಳ್ಳುವುದಕ್ಕೂ ಕಾನೂನು ಬೇಕಾಯಿತು ಎಂದರೆ ಆಗಿನ ಜಗಲಿ ಯಾರದ್ದಾಗಿತ್ತು ಎಂದು ತಿಳಿಯುತ್ತದೆ.

ಈ ಬೆಳಕಿನಲ್ಲಿ ಸೂಪರ್ ಮಾರ್ಕೆಟನ್ನು ನೋಡಿ. 1916ರಲ್ಲಿ ಅಮೇರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದ. ಅದರಲ್ಲಿ ಹಲಗೆಯ ಆಚೆ ಸಾಮಾನು ತೆಗೆದು ಕೊಡುವವನೇ ಇಲ್ಲ. ಗಿರಾಕಿಯೇ ಒಳಗೆ ಹೋಗಿ, ಕೈಯಾರೆ ಮುಟ್ಟಿ, ಚೀಟಿಯ ಕ್ರಯ ನೋಡಿ, ಬುಟ್ಟಿಗೆ ಹಾಕಿ ಹೊರಗೆ ಬರುವಾಗ ಹಣ ಕೊಡಬೇಕು. ಆತ ಹೀಗೆ ಮಾಡಿದ್ದು ಸಂಬಳದ ಜನ ಕಡಿಮೆ ಮಾಡಲಿಕ್ಕೆ, ಸಮಾಜ ಸುಧಾರಣೆಗಲ್ಲ. ಆದರೂ ನಮ್ಮಲ್ಲಿ ಆ ರೀತಿ ಬಂದಾಗ, ಯಾವ ಮನೆಯವರು ಎಂದು ಕೇಳದೆ ಎಲ್ಲರನ್ನೂ ಒಳಗೆ ಬಿಡುವ ಅಂಗಡಿ ಆಯಿತು. 1990ರ ದಶಕದಲ್ಲಿ ತಿರುವನಂತಪುರದಿಂದ ಹರಡಿದ ಮಾರ್ಜಿನ್ ಫ್ರೀ ಅಂಗಡಿಗಳು, ಆಮೇಲಿನ ಖಾಸಗಿ ಸೂಪರ್ ಮಾರ್ಕೆಟುಗಳು ಈ ದಾರಿಯಲ್ಲೇ ಬಂದವು. ಸಣ್ಣ ಅಂಗಡಿಗೆ ನಾವು ಯಾರು ಎಂದು ಗೊತ್ತು, ಅದೇ ಅದರ ಒಳ್ಳೆಯದು, ಅದೇ ಅದರ ಕೆಟ್ಟದ್ದು. ದೊಡ್ಡದಕ್ಕೆ ನಾವು ಯಾರೆಂದು ಗೊತ್ತಿಲ್ಲ, ಅಲ್ಲಿಯೂ ಹಾಗೆಯೇ.

ದೊಡ್ಡ ಅಂಗಡಿಗೆ ಅಗ್ಗ ಹೇಗೆ ಪೂರೈಸುತ್ತದೆ? ಲಾರಿಗಟ್ಟಲೆ ಒಟ್ಟಿಗೆ ಕೊಳ್ಳುತ್ತಾರೆ, ನಡುವಿನ ಇಬ್ಬರು ದಲ್ಲಾಳಿಗಳು ಹೋಗುತ್ತಾರೆ. ಸಕ್ಕರೆಯನ್ನು ಅಸಲಿಗೆ ಕೊಟ್ಟು ಜನರನ್ನು ಕರೆಸಿ ಬೇರೆ ಸಾಮಾನಿನಲ್ಲಿ ಲಾಭ ತೆಗೆಯುತ್ತಾರೆ. 1990ರಿಂದ ಪ್ಯಾಕೆಟಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸಬೇಕೆಂಬ ನಿಯಮ ಬಂತಲ್ಲ, ಅದಕ್ಕಿಂತ ಎರಡು ರೂಪಾಯಿ ಇಳಿಸಿದರೆ ಸಾಕು, ಅಗ್ಗ ಎಂದು ಕಣ್ಣಿಗೆ ಕಾಣುತ್ತದೆ. ಮುಖ್ಯವಾದ ಗುಟ್ಟು ಇನ್ನೊಂದು. ಅವರು ನಮ್ಮಿಂದ ನಗದು ತೆಗೆದುಕೊಳ್ಳುತ್ತಾರೆ, ಸಾಮಾನು ಕೊಟ್ಟವನಿಗೆ ವಾರಗಳ ಮೇಲೆ ಕೊಡುತ್ತಾರೆ. ಕಡ ಎಂಬುದು ಮಾಯವಾಗಿಲ್ಲ, ಮೇಲಕ್ಕೆ ಹೋಗಿದೆ ಅಷ್ಟೆ. ಸರಕಾರದ ಸರಣಿಗೂ ಇದು ತಪ್ಪಲಿಲ್ಲ. ಸಾಮಾನು ಕೊಟ್ಟವರಿಗೆ ಬಾಕಿ ಬೆಳೆದು 2023ರಲ್ಲಿ ಸಪ್ಲೈಕೋ ಮಳಿಗೆಗಳಲ್ಲಿ ಸಬ್ಸಿಡಿ ಸಾಮಾನು ಸಿಗದೆ ಹೋದದ್ದು ಪೇಪರಿನಲ್ಲಿ ಎಲ್ಲರೂ ಓದಿದ ವಿಷಯ.

ಸಣ್ಣ ಅಂಗಡಿಯ ಬೆಲೆ ನಮಗೆ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಬಂದಾಗ ಕರ್ನಾಟಕದ ಕಡೆಯವರು ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ಕೂಡ ದಾಟದೆ, ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಜೀವ ಕಳಕೊಂಡವರುಂಟು. ಮಂಗಳೂರು ಇಲ್ಲ, ಬಸ್ಸು ಇಲ್ಲ, ಪೇಟೆಯ ಸೂಪರ್ ಮಾರ್ಕೆಟಿಗೆ ಹೋಗುವ ದಾರಿ ಇಲ್ಲ. ಆಗ ಊರನ್ನು ಹಿಡಿದದ್ದು ಎರಡೇ. ಒಂದು, ಸರಕಾರದ ಉಚಿತ ಕಿಟ್ ಕೊಟ್ಟ ರೇಷನ್ ಅಂಗಡಿ. ಇನ್ನೊಂದು, ತಿರುವಿನ ಸಣ್ಣ ಅಂಗಡಿ. ನಮ್ಮಲ್ಲಿ ಕೂಲಿ ನಿಂತ ಮನೆಗಳ ಪುಟ ಮತ್ತೆ ತೆರೆಯಿತು. "ಈಗ ಹಣದ ಮಾತು ಬೇಡ ಮಾರಾಯ್ರೆ, ತಕೊಂಡು ಹೋಗಿ" ಎಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಆಗುತ್ತಿರುವುದು ಏನೆಂದರೆ, ತಿಂಗಳ ಮೊದಲ ವಾರ ಸಂಬಳ ಕೈಯಲ್ಲಿರುವಾಗ ನಾವು ಆಟೋ ಮಾಡಿ ಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತೇವೆ. ಕೊನೆಯ ವಾರ ಜೇಬು ಖಾಲಿಯಾದಾಗ ಊರಿನ ಅಂಗಡಿಗೆ ಹೋಗಿ "ಬರೆದಿಡಿ" ಎನ್ನುತ್ತೇವೆ. ನಗದು ಅಲ್ಲಿಗೆ, ಕಡ ಇಲ್ಲಿಗೆ. ಸಣ್ಣ ಅಂಗಡಿ ಸೋಲುತ್ತಿರುವುದು ದೊಡ್ಡದರ ಅಗ್ಗದಿಂದ ಮಾತ್ರ ಅಲ್ಲ, ನಮ್ಮ ಈ ಲೆಕ್ಕದಿಂದ. "ಇಂದು ನಗದು, ನಾಳೆ ಕಡ" ಎಂಬ ಬೋರ್ಡು ಹಾಕಿದವರೂ ನಾಚಿಕೆ ಬಿಟ್ಟು ಹಾಕಿದ್ದಲ್ಲ, ಬೇರೆ ದಾರಿ ಇಲ್ಲದೆ ಹಾಕಿದ್ದು.

ಹಾಗಾದರೆ ಯಾವುದು ಒಳ್ಳೆಯದು? ದೊಡ್ಡ ಅಂಗಡಿಗೆ ಹೋಗಬೇಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆ ಹಿರಿಯಕ್ಕನ ಮೊಮ್ಮಗಳು ಅಲ್ಲಿ ತಲೆಯೆತ್ತಿ ನಡೆಯುತ್ತಾಳೆ, ಅದು ಸಣ್ಣ ವಿಷಯವಲ್ಲ. ಆದರೆ ಮುಂದಿನ ಆಟಿಗೋ ಇನ್ನೊಂದು ಪಿಡುಗಿಗೋ ನಮ್ಮ ಪುಟ ತೆರೆಯುವವರು ಊರಿನಲ್ಲಿ ಇರಬೇಕಾದರೆ, ನಗದಿನ ಒಂದು ಪಾಲು ಅವರಿಗೂ ಸಲ್ಲಬೇಕು, ಬಾಕಿ ತೀರಬೇಕು. ಅಂಗಡಿಯವರೂ ಸೊಸೈಟಿಯ ಹಾಗೆ ಕ್ರಯದ ಬೋರ್ಡು ಹಾಕಲಿ, ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಡಲಿ.

ಕೊನೆಗೆ ಮಾಷ್ಟ್ರುಗಳಲ್ಲಿ ಒಂದು ವಿನಂತಿ. ಮುಚ್ಚಿದ ಅಂಗಡಿಗಳ ಅಟ್ಟದಲ್ಲಿ ಹಳೆಯ ಕಡದ ಪುಸ್ತಕಗಳು ಇನ್ನೂ ಇರಬಹುದು. ಊರಿನವರು ಏನು ತಿಂದರು, ಯಾವ ಮಳೆಗೆ ಹಸಿದರು, ಅಡಿಕೆಗೆ ಎಷ್ಟು ಸಿಕ್ಕಿತು ಎಂದು ಅವುಗಳಷ್ಟು ಸರಿಯಾಗಿ ಹೇಳುವ ದಾಖಲೆ ಸರಕಾರದ ಕಚೇರಿಯಲ್ಲೂ ಸಿಗದು. ಹೆಚ್ಚಿನವು ಕನ್ನಡ ಅಂಕೆಯಲ್ಲಿ ಬರೆದವು. ಮನೆಯವರಿಗೆ ಮುಜುಗರವಾಗದಂತೆ ಹೆಸರು ಮುಚ್ಚಿ, ಮಕ್ಕಳಿಂದ ನಕಲು ಮಾಡಿಸಿ. ಗುಜರಿಯವರಿಗೆ ಕೊಡುವ ಮೊದಲು ಒಮ್ಮೆ ವಾಚನಾಲಯಕ್ಕೆ ತಂದುಕೊಡಿ. ಇಲ್ಲಿಯ ಕಪಾಟಿನಲ್ಲಿ ಜಾಗ ಉಂಟು.