ಮುಂಬಯಿಯ ಮನೆಗಳಲ್ಲಿ ವಿನೋದದ ಯಂತ್ರಗಳೂ ವಿದ್ಯುತ್ತಿನ ಲೆಕ್ಕವೂ

೧

ಮುಂಬಯಿಯಲ್ಲಿ ಸಂಸಾರ ಹೂಡಿದವರ ಮನೆಗೆ ತಿಂಗಳು ತಿಂಗಳೂ ತಪ್ಪದೆ ಬರುವ ಕಾಗದವೆಂದರೆ ವಿದ್ಯುತ್ತಿನ ಬಿಲ್ಲು. ಹಣ ಸಂದಾಯವಾದ ಮೇಲೆ ಅದನ್ನು ಜೋಪಾನ ಮಾಡುವವರು ವಿರಳ. ತಾಮ್ರಪಟ, ವೀರಗಲ್ಲುಗಳನ್ನು ಓದಿ ಪೂರ್ವಿಕರ ಬಾಳನ್ನು ಊಹಿಸಿಕೊಳ್ಳುವ ನಾವು ನಮ್ಮ ತಂದೆತಾಯಿಗಳ ಬಾಳಿನ ಈ ದಾಖಲೆಯನ್ನು ರದ್ದಿಯವನಿಗೆ ತೂಕಕ್ಕೆ ಹಾಕಿಬಿಡುತ್ತೇವೆ. ಮನೆಗೆ ರೇಡಿಯೋ ಬಂದ ತಿಂಗಳು, ದೂರದರ್ಶನ ಬಂದ ವರ್ಷ, ಮಕ್ಕಳು ದೊಡ್ಡವರಾಗಿ ಕೋಣೆಗೊಂದು ತೆರೆ ಬಂದ ಕಾಲ, ಇವೆಲ್ಲ ಆ ಬಿಲ್ಲುಗಳ ಅಂಕಿಗಳಲ್ಲಿ ಅಡಗಿವೆ.

ರೇಡಿಯೋ, ದೂರದರ್ಶನ ಮೊದಲಾದ ವಿನೋದದ ಯಂತ್ರಗಳು ಈ ನಗರದ ಮನೆಗಳಲ್ಲಿ ವಿದ್ಯುತ್ತನ್ನು ಹೇಗೆ ಬಳಸುತ್ತ ಬಂದಿವೆ, ಆ ಬಳಕೆಯ ಸ್ವರೂಪ ಹೇಗೆ ಮಾರ್ಪಟ್ಟಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಂತ್ರಗಳು ಸುಧಾರಿಸಿದಂತೆ ವೆಚ್ಚವೂ ಇಳಿದಿರಬೇಕೆಂಬುದು ಸಾಮಾನ್ಯರ ಊಹೆ. ಬ್ಯಾಂಕಿನ ಕೆಲಸದಲ್ಲಿ ಇಪ್ಪತ್ತು ವರ್ಷ ಲೆಕ್ಕ ನೋಡುತ್ತ ಬಂದ ನನಗೂ ಹಾಗೆಯೇ ತೋರಿದ್ದಿತು. ಲೆಕ್ಕ ಹಾಕಿದಾಗ ಬೇರೆಯ ಉತ್ತರ ಬಂದಿತು.

೨

ವಿದ್ಯುತ್ತು ನಮ್ಮ ನಾಡಿಗೆ ಬಂದದ್ದು ವಿನೋದಕ್ಕಾಗಿ ಅಲ್ಲ. ಶಿವನಸಮುದ್ರದಲ್ಲಿ ಉತ್ಪತ್ತಿಯಾದ ಶಕ್ತಿ ೧೯೦೨ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನಲ್ಲಿ ದೀಪ ಹೊತ್ತಿದ್ದು ೧೯೦೫ರಲ್ಲಿ. ಮುಂಬಯಿಯ ಕ್ರಮವೂ ಇದಕ್ಕೆ ದೂರವಲ್ಲ. ೧೯೦೫ರಲ್ಲಿ ಸ್ಥಾಪಿತವಾದ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಎಂಡ್ ಟ್ರಾಮ್‌ವೇಸ್ ಕಂಪೆನಿಯು ೧೯೦೭ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸಿತು. ೧೯೧೫ರಲ್ಲಿ ಟಾಟಾ ಸಂಸ್ಥೆಯ ಖೋಪೋಲಿ ಜಲವಿದ್ಯುದಾಗಾರವು ಸಹ್ಯಾದ್ರಿಯ ಮಳೆನೀರಿನಿಂದ ಹತ್ತಿಗಿರಣಿಗಳನ್ನು ನಡೆಸತೊಡಗಿತು. ೧೯೨೨ರಲ್ಲಿ ಭಿವಪುರಿ, ೧೯೨೭ರಲ್ಲಿ ಭೀರಾ ಆಗಾರಗಳು ಅದಕ್ಕೆ ಸೇರಿದುವು. ಉಪನಗರಗಳಿಗಾಗಿ ಬಾಂಬೆ ಸಬರ್ಬನ್ ಎಲೆಕ್ಟ್ರಿಕ್ ಸಪ್ಲೈ ಕಂಪೆನಿ ೧೯೨೯ರಲ್ಲಿ ಹುಟ್ಟಿತು. ನಗರದ ಕಂಪೆನಿ ೧೯೪೭ರ ಆಗಸ್ಟ್ ೭ರಂದು ನಗರಪಾಲಿಕೆಯ ವಶಕ್ಕೆ ಬಂದಿತು. ಉಪನಗರದ ವ್ಯವಸ್ಥೆ ಕೈಯಿಂದ ಕೈಗೆ ಸಾಗಿ ೨೦೧೮ರಲ್ಲಿ ಅದಾನಿ ಸಂಸ್ಥೆಯನ್ನು ಸೇರಿತು.

ಮೊದಲು ದುಡಿಮೆ, ಅನಂತರ ಬೆಳಕು, ಕಟ್ಟಕಡೆಗೆ ವಿನೋದ: ವಿದ್ಯುತ್ತು ಮನುಷ್ಯನ ಬಾಳನ್ನು ಪ್ರವೇಶಿಸಿದ್ದು ಈ ಕ್ರಮದಲ್ಲಿ. ಭೀರಾ ಆಗಾರ ಆರಂಭವಾದ ೧೯೨೭ರಲ್ಲಿಯೇ, ಜುಲೈ ೨೩ರಂದು, ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ಮುಂಬಯಿ ನಿಲಯವನ್ನು ವೈಸರಾಯ್ ಲಾರ್ಡ್ ಇರ್ವಿನ್ನರು ಉದ್ಘಾಟಿಸಿದರೆಂಬುದು ಗಮನಾರ್ಹ. ವಿನೋದದ ಯಂತ್ರವು ವಿದ್ಯುತ್ತಿನ ತಂತಿಗೆ ಜೋಡಿಕೊಳ್ಳುವ ಕಾಲ ಅಲ್ಲಿಂದ ಮೊದಲಾಯಿತೆನ್ನಬಹುದು.

೩

ಅಂದಿನ ರೇಡಿಯೋ ವಾಲ್ವುಗಳಿಂದ ಕೆಲಸಮಾಡುವ ಯಂತ್ರ. ಗಾಜಿನ ಬುರುಡೆಯೊಳಗಿನ ತಂತಿ ಕಾಯ್ದು ಕೆಂಪಗಾಗದೆ ಅದು ಮಾತನಾಡದು. ಐದು ವಾಲ್ವಿನ ಪೆಟ್ಟಿಗೆಯೊಂದು ೪೦-೫೦ ವಾಟ್‌ಗಳಷ್ಟು ಶಕ್ತಿಯನ್ನು ತೆಗೆದುಕೊಳ್ಳುತ್ತಿದ್ದಿತು. ಅದರ ಬಹುಭಾಗ ಶಬ್ದವಾಗದೆ ಶಾಖವಾಗಿಯೇ ಹೋಗುತ್ತಿದ್ದಿತು. ಸಾವಿರ ವಾಟ್‌ಗಳ ಶಕ್ತಿಯನ್ನು ಒಂದು ಗಂಟೆ ಬಳಸಿದರೆ ಒಂದು ಯೂನಿಟ್ಟು. ಆದುದರಿಂದ ೫೦ ವಾಟಿನ ರೇಡಿಯೋವನ್ನು ದಿನಕ್ಕೆ ಮೂರು ಗಂಟೆ ಕೇಳಿದ ಮನೆಗೆ ತಿಂಗಳಿಗೆ ತಗಲುತ್ತಿದ್ದುದು ನಾಲ್ಕೂವರೆ ಯೂನಿಟ್ಟು.

ಇಲ್ಲಿ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಧ್ವನಿಯನ್ನು ತಗ್ಗಿಸುವ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರೆ 'ಟಕ್' ಎಂದು ಸದ್ದಾಗಿ ವಿದ್ಯುತ್ತಿನ ಸಂಬಂಧವೇ ಕಡಿದುಹೋಗುತ್ತಿದ್ದಿತು. ನಂದಿಸಿದ ಯಂತ್ರ ನಂದಿಯೇ ಇರುತ್ತಿದ್ದಿತು. ಮೇಲಾಗಿ ಅಂಚೆಕಚೇರಿಯಲ್ಲಿ ಹಣ ಕಟ್ಟಿ ವರ್ಷವರ್ಷವೂ ಲೈಸೆನ್ಸನ್ನು ನವೀಕರಿಸಬೇಕಾಗಿದ್ದುದರಿಂದ, ಮನೆಯಲ್ಲಿ ರೇಡಿಯೋ ಇರುವುದೆಂಬುದು ಲೆಕ್ಕಕ್ಕೆ ಸಿಕ್ಕುವ ವ್ಯವಹಾರವಾಗಿದ್ದಿತು.

ಟ್ರಾನ್ಸಿಸ್ಟರು ಈ ಸ್ಥಿತಿಯನ್ನು ಬದಲಾಯಿಸಿತು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಆರಂಭವಾದ ಅನಂತರದ ವರ್ಷಗಳಲ್ಲಿ ರೇಡಿಯೋ ಚಾಳಿನ ಗ್ಯಾಲರಿಗೂ ಹೋಟೆಲಿನ ಮಾಳಿಗೆಗೂ ಬಂದಿತು. ಹಗಲಿಡೀ ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದ ನಮ್ಮವರಲ್ಲಿ ಎಷ್ಟೋ ಮಂದಿಗೆ ಸ್ವಂತ ಕೋಣೆ ಇರಲಿಲ್ಲ, ಸ್ವಂತ ಮೀಟರು ಮೊದಲೇ ಇರಲಿಲ್ಲ. ಅವರ ತಲೆದಿಂಬಿನ ಪಕ್ಕದ ಟ್ರಾನ್ಸಿಸ್ಟರು ಒಣಸೆಲ್ಲುಗಳಿಂದ ನಡೆಯುತ್ತಿದ್ದಿತು. ೧೯೫೦ರ ಜನವರಿ ೮ರಂದು ತೆರೆದ ಧಾರವಾಡ ನಿಲಯದ ಕನ್ನಡವನ್ನು, ರಾತ್ರಿಯ ಗರಗರ ಸದ್ದಿನ ನಡುವೆ ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತ ಹುಡುಕುತ್ತಿದ್ದುದನ್ನು ನನ್ನ ತಂದೆಯವರು ಹೇಳುತ್ತಿದ್ದರು. ವಿನೋದದ ಇತಿಹಾಸದಲ್ಲಿ ಮೀಟರಿನಿಂದ ಸಂಪೂರ್ಣ ಬಿಡುಗಡೆ ಹೊಂದಿದ್ದ ಅವಧಿ ಇದೊಂದೇ.

೪

ದಿಲ್ಲಿಯಲ್ಲಿ ೧೯೫೯ರಲ್ಲಿ ಆರಂಭವಾಗಿದ್ದ ದೂರದರ್ಶನದ ಎರಡನೆಯ ಕೇಂದ್ರ ಮುಂಬಯಿಯ ವರಳಿಯಲ್ಲಿ ೧೯೭೨ರ ಅಕ್ಟೋಬರ್ ೨ರಂದು ತೆರೆಯಿತು. ಕಪ್ಪುಬಿಳುಪಿನ ಆ ಮೊದಲ ಪೆಟ್ಟಿಗೆಗಳು ಮರದ ಬಾಗಿಲುಗಳನ್ನು ಹೊಂದಿದ್ದುವು. ವಾಲ್ವುಗಳಿದ್ದ ದೊಡ್ಡ ಪೆಟ್ಟಿಗೆ ನೂರು ವಾಟಿಗೂ ಮಿಗಿಲಾಗಿ ಸೆಳೆಯುತ್ತಿದ್ದಿತು. ಆದರೆ ಪ್ರಸಾರವಿದ್ದುದು ಸಂಜೆಯ ಕೆಲವೇ ಗಂಟೆ. ಪ್ರಸಾರ ಮುಗಿದೊಡನೆ ಬಾಗಿಲೂ ಮುಚ್ಚುತ್ತಿದ್ದಿತು, ಮೀಟರೂ ತಣ್ಣಗಾಗುತ್ತಿದ್ದಿತು. ವಾಲ್ವುಗಳು ಹೋದ ಮೇಲೆ ಕಪ್ಪುಬಿಳುಪಿನ ಪೆಟ್ಟಿಗೆಯ ವೆಚ್ಚ ೫೦-೬೦ ವಾಟ್‌ಗಳಿಗೆ ಇಳಿಯಿತು. ೧೯೮೨ರಲ್ಲಿ ಬಣ್ಣ ಬಂದಾಗ ಪುನಃ ಏರಿತು.

ನನ್ನ ಬಾಲ್ಯ ಕಳೆದ ಗೋರೆಗಾಂವ್ ಚಾಳಿನಲ್ಲಿ ದೂರದರ್ಶನವಿದ್ದುದು ಕೆಳಗಿನ ಮನೆಯ ಹಿರಿಯರೊಬ್ಬರಲ್ಲಿ. ಅವರು ಉಡುಪಿಯ ಕಡೆಯವರು. ೧೯೮೭ರ ಜನವರಿ ೨೫ರಿಂದ ಆದಿತ್ಯವಾರಗಳ ಬೆಳಿಗ್ಗೆ ರಾಮಾಯಣದ ಪ್ರಸಾರ ಮೊದಲಾದಾಗ ಅವರ ಹತ್ತಡಿಯ ಕೋಣೆಯಲ್ಲಿ ಇಪ್ಪತ್ತು ಮಂದಿ ಕೂಡುತ್ತಿದ್ದರು. ಒಮ್ಮೆ ನನ್ನ ತಂದೆಯವರು ಸಂಕೋಚದಿಂದ, ಬಿಲ್ಲಿಗೆ ನಾವೂ ಅಷ್ಟಿಷ್ಟು ಕೊಡುತ್ತೇವೆಂದರು. ಹಿರಿಯರು ನಕ್ಕು, "ಇಪ್ಪತ್ತು ಜನ ನೋಡಿದರೆ ಮೀಟರು ಇಪ್ಪತ್ತು ಪಾಲು ಓಡುತ್ತದಾ ಮಾರಾಯ್ರೆ?" ಎಂದರು.

ಈ ಮಾತಿನ ಅರ್ಥಶಾಸ್ತ್ರ ನನಗೆ ಹೊಳೆದದ್ದು ಬಹುಕಾಲದ ಮೇಲೆ. ೬೦ ವಾಟಿನ ಪೆಟ್ಟಿಗೆ ಒಂದು ಗಂಟೆ ನಡೆದರೆ ೬೦ ವಾಟ್-ಗಂಟೆ. ಇಪ್ಪತ್ತು ಮಂದಿಗೆ ಹಂಚಿದರೆ ತಲೆಗೆ ಮೂರು. ಇಂದು ನನ್ನ ಮನೆಯಲ್ಲಿರುವ ೪೩ ಅಂಗುಲದ ತೆಳು ತೆರೆಯೂ ಸುಮಾರು ೬೦ ವಾಟ್‌ಗಳನ್ನೇ ಬಳಸುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕೊಳವೆಯೊಳಗೆ ಇಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿ ಗಾಜನ್ನು ಬೆಳಗಿಸಬೇಕಾಗಿದ್ದಿತು. ಹೊಸದರಲ್ಲಿ ತೆರೆಯ ಹಿಂದೆ ಪುಟ್ಟ ಎಲ್‌ಇಡಿ ದೀಪಗಳು ಬೆಳಗಿದರೆ ಸಾಕು. ಅಂಗುಲವೊಂದಕ್ಕೆ ತಗಲುವ ವೆಚ್ಚ ನಿಜವಾಗಿಯೂ ಬಹಳ ಇಳಿದಿದೆ. ಇಳಿದ ಲಾಭವನ್ನು ತೆರೆಯ ಅಗಲ ನುಂಗಿತು. ನೋಡುವವರೋ ಇಪ್ಪತ್ತರಿಂದ ಒಬ್ಬರಿಗೆ ಬಂದರು. ತಲೆಗೆ ಮೂರು ವಾಟ್-ಗಂಟೆಯಿದ್ದುದು ಅರುವತ್ತಾಯಿತು. ಯಂತ್ರಶಾಸ್ತ್ರದ ಪ್ರಗತಿ ಇಷ್ಟು ನಡೆದಿದ್ದರೂ ವ್ಯಕ್ತಿಯ ಪಾಲಿನ ವೆಚ್ಚ ಏರಿದ್ದು ನಮ್ಮ ವಾಸದ ರೀತಿ ಬದಲಾದುದರಿಂದ.

೫

ಇದಕ್ಕಿಂತಲೂ ಸೂಕ್ಷ್ಮವಾದ ಬದಲಾವಣೆಯೊಂದು ನಮ್ಮ ಗಮನಕ್ಕೆ ಬಾರದೆ ನಡೆಯಿತು. ಕುಳಿತಲ್ಲಿಂದಲೇ ಯಂತ್ರವನ್ನು ನಡೆಸುವ ರಿಮೋಟು ಬಂದಾಗ, ಅದರ ಅಪ್ಪಣೆಗಾಗಿ ಯಂತ್ರದ ಒಂದು ಭಾಗ ಸದಾ ಎಚ್ಚರವಾಗಿರಬೇಕಾಯಿತು. ವೀಡಿಯೋ ಪೆಟ್ಟಿಗೆಯ ಗಡಿಯಾರ ಹಗಲಿರುಳೂ ಉರಿಯಿತು. 'ನಂದಿಸು' ಎಂಬ ಶಬ್ದದ ಅರ್ಥವೇ 'ಮಲಗಿಸು' ಎಂದಾಯಿತು.

ಕೇಬಲ್ ದೂರದರ್ಶನವನ್ನು ಡಿಜಿಟಲ್ ಪದ್ಧತಿಗೆ ಪರಿವರ್ತಿಸಬೇಕೆಂಬ ಕಾನೂನಿನ ಮೊದಲ ಹಂತ ಮುಂಬಯಿ, ದಿಲ್ಲಿ, ಕೋಲ್ಕತಾ, ಚೆನ್ನೈ ನಗರಗಳಿಗೆ ಅನ್ವಯಿಸಿತು. ಅದಕ್ಕಿದ್ದ ಗಡುವು ೨೦೧೨ರ ಅಕ್ಟೋಬರ್ ೩೧. ಅಂದಿನಿಂದ ಕೇಬಲ್ ಇದ್ದ ಮನೆಗಳಿಗೆ ಸೆಟ್‌ಟಾಪ್ ಪೆಟ್ಟಿಗೆ ಅನಿವಾರ್ಯವಾಯಿತು. ಚಂದಾದಾರನ ಹಕ್ಕನ್ನು ದೃಢಪಡಿಸುವ ಸಂಕೇತಗಳನ್ನೂ ಕಾರ್ಯಕ್ರಮಗಳ ಪಟ್ಟಿಯನ್ನೂ ಸ್ವೀಕರಿಸುತ್ತ ಇರಬೇಕಾದ ಈ ಪೆಟ್ಟಿಗೆಗಳಲ್ಲಿ ಹಲವು, ರಿಮೋಟಿನಿಂದ ನಂದಿಸಿದ ಮೇಲೆಯೂ ಹೆಚ್ಚುಕಡಿಮೆ ಮೊದಲಿನಷ್ಟೇ ವಿದ್ಯುತ್ತನ್ನು ಬಳಸುತ್ತವೆ.

೨೦೨೦ರ ಅಕ್ಟೋಬರ್ ೧೨ರ ಬೆಳಿಗ್ಗೆ ಮುಂಬಯಿ ಪ್ರದೇಶಕ್ಕೆ ವಿದ್ಯುತ್ತು ಕಡಿದುಹೋದುದು ವಾಚಕರ ನೆನಪಿನಲ್ಲಿರಬಹುದು. ಲೋಕಲ್ ರೈಲುಗಳೂ ನಿಂತುವು. ಅಂದು ನಮ್ಮ ಮನೆಯ ದೂರದರ್ಶನದ ಬಳಿ ನಾಲ್ಕು ಸಣ್ಣ ಬೆಳಕಿನ ಚುಕ್ಕೆಗಳು ಆರಿದ್ದುವು. ಅವು ಇದ್ದುವೆಂಬುದೇ ಅವು ಆರಿದಾಗ ತಿಳಿಯಿತು. ಕುತೂಹಲದಿಂದ, ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಇಟ್ಟು ಅಳೆಯುವ ಚಿಕ್ಕ ಮೀಟರೊಂದನ್ನು ತಂದೆನು. ನಿದ್ದೆಯಲ್ಲಿರುವ ತೆರೆ ಒಂದು ವಾಟಿಗಿಂತ ಕಡಿಮೆ ತೋರಿಸಿತು. ಸೆಟ್‌ಟಾಪ್ ಪೆಟ್ಟಿಗೆ ಹತ್ತು ವಾಟ್ ತೋರಿಸಿತು. ರಿಮೋಟಿನಿಂದ ನಂದಿಸಿದಾಗ ಅಂಕಿ ಕದಲಲೇ ಇಲ್ಲವೆನ್ನಬೇಕು.

ಲೆಕ್ಕ ಸರಳ. ದಿನಕ್ಕೆ ನಾಲ್ಕು ಗಂಟೆ ನೋಡುವ ೬೦ ವಾಟಿನ ತೆರೆಗೆ ತಿಂಗಳಿಗೆ ೭.೨ ಯೂನಿಟ್ಟು. ಇಪ್ಪತ್ತುನಾಲ್ಕು ಗಂಟೆಯೂ ಎಚ್ಚರವಾಗಿರುವ ೧೦ ವಾಟಿನ ಪೆಟ್ಟಿಗೆಗೂ ತಿಂಗಳಿಗೆ ಸರಿಯಾಗಿ ೭.೨ ಯೂನಿಟ್ಟು. ಪೆಟ್ಟಿಗೆಯ ಪಾಲಿನಲ್ಲಿ ಆರು ಯೂನಿಟ್ಟುಗಳು ಯಾರೂ ಏನನ್ನೂ ನೋಡದ ಹೊತ್ತಿನವು. ಒಟ್ಟು ೧೪.೪ ಯೂನಿಟ್ಟುಗಳಲ್ಲಿ ನೂರಕ್ಕೆ ನಾಲ್ವತ್ತಕ್ಕೂ ಹೆಚ್ಚು ಭಾಗ ವಿನೋದವಿಲ್ಲದ ವಿನೋದವೆಚ್ಚ! ಮುಂಬಯಿಯ ಮನೆಬಳಕೆಯ ದರಗಳು ೧೦೦, ೩೦೦, ೫೦೦ ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುವುದರಿಂದ, ಉಳಿಸಿದ ಯೂನಿಟ್ಟು ಯಾವಾಗಲೂ ನಮ್ಮ ಬಿಲ್ಲಿನ ಅತ್ಯಂತ ತುಟ್ಟಿಯ ಯೂನಿಟ್ಟೆಂಬುದನ್ನೂ ಮರೆಯಬಾರದು.

ಹತ್ತು ವಾಟ್ ಏನು ಮಹಾ ಎಂದು ಕೇಳಬಹುದು. ಕನ್ನಡಿಗರಿಗೆ ಇದನ್ನು ಅಳೆಯಲು ಬೇರೆಯೇ ಒಂದು ಮಾನದಂಡವಿದೆ. ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಬಾನುಲಿ ಕೇಂದ್ರದ ಪ್ರೇಷಕದ ಶಕ್ತಿ ೩೦ ವಾಟ್. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಕೇಂದ್ರದಿಂದ. ಇಂದು ಯಾರೂ ನೋಡದ ಮೂರು ಪೆಟ್ಟಿಗೆಗಳು ಸುಮ್ಮನೆ ಕುಳಿತು ಬಳಸುವ ಶಕ್ತಿಯಷ್ಟನ್ನೇ ಹೊರಸೂಸಿ ಒಂದು ಊರಿಗೆ ಕನ್ನಡವನ್ನು ಕೇಳಿಸಲಾಗಿದ್ದಿತು. ಇಂಥ ಒಂದು ಲಕ್ಷ ಪೆಟ್ಟಿಗೆಗಳಿದ್ದರೆ ಅವುಗಳ ನಿದ್ದೆಗೆ ಬೇಕಾದುದು ಎಡೆಬಿಡದ ಒಂದು ಮೆಗಾವಾಟ್.

ಜಗತ್ತು ಇದನ್ನು ಗಮನಿಸದೆ ಇಲ್ಲ. ನಿದ್ದೆಯ ಯಂತ್ರಗಳ ವೆಚ್ಚ ಒಂದು ವಾಟನ್ನು ಮೀರಬಾರದೆಂಬ ಸಲಹೆಯನ್ನು ಅಮೆರಿಕೆಯ ವಿಜ್ಞಾನಿ ಅಲನ್ ಮೈಯರ್ ೧೯೯೮ರಲ್ಲಿ ಮುಂದಿಟ್ಟರು. ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಎತ್ತಿಕೊಂಡಿತು. ನಮ್ಮ ದೇಶದಲ್ಲಿ ೨೦೦೧ರ ಇಂಧನ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೨೦೦೨ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ೨೦೦೬ರಲ್ಲಿ ನಕ್ಷತ್ರದ ಚೀಟಿ ಆರಂಭವಾಯಿತು. ದೂರದರ್ಶನದ ಮೇಲಿನ ನಕ್ಷತ್ರಗಳನ್ನು ಎಣಿಸಿ ಕೊಂಡುಕೊಳ್ಳುವ ಗೃಹಸ್ಥರು ಈಗ ಅನೇಕರಿದ್ದಾರೆ. ಅದರ ಪಕ್ಕದಲ್ಲಿ ಕುಳಿತ ಪೆಟ್ಟಿಗೆಯನ್ನು ಎಣಿಸುವವರು ಕಡಿಮೆ.

೬

ಭೀರಾ ಆಗಾರಕ್ಕೆ ನೀರು ಬರುವುದು ಮುಳಶಿ ಕಣಿವೆಯಿಂದ. ಆ ಅಣೆಕಟ್ಟಿಗಾಗಿ ತಮ್ಮ ಗದ್ದೆ ಮನೆಗಳು ಮುಳುಗುವುದನ್ನು ಪ್ರತಿಭಟಿಸಿ ಅಲ್ಲಿಯ ರೈತರು ೧೯೨೧ರಿಂದ ೧೯೨೪ರ ವರೆಗೆ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿ ಸೋತರು. ನಮ್ಮ ಮಲೆನಾಡಿನಲ್ಲಿಯೂ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ದಂಡೆಯ ಊರುಗಳು ನೀರಿನ ಕೆಳಗಾದುವು. ಮುಂಬಯಿಗೆ ಇಂದು ಕಲ್ಲಿದ್ದಲಿನಿಂದಲೂ ಬಿಸಿಲು ಗಾಳಿಗಳಿಂದಲೂ ವಿದ್ಯುತ್ತು ಬರುತ್ತಿದೆ ನಿಜ. ಆದರೂ ಯೂನಿಟ್ಟೊಂದರ ಹಿಂದೆ ಯಾರದೋ ನೆಲವಿದೆ. ಗಿರಣಿಗೂ ದೀಪಕ್ಕೂ ಇಪ್ಪತ್ತು ಜನರ ಆದಿತ್ಯವಾರಕ್ಕೂ ಆ ನೆಲ ಹೋಯಿತೆಂದರೆ ಸಮಾಧಾನ ಹೇಳಿಕೊಳ್ಳಬಹುದು. ಯಾರೂ ನೋಡದ ಚುಕ್ಕೆಬೆಳಕಿಗಾಗಿ ಹೋಯಿತೆಂದರೆ ಉತ್ತರ ಕೊಡುವುದು ಕಷ್ಟ.

ಪರಿಹಾರ ದೊಡ್ಡದೇನೂ ಅಲ್ಲ. ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸುವುದು ನನ್ನ ತಂದೆಯವರ ಪದ್ಧತಿಯಾಗಿದ್ದಿತು. ಅದನ್ನು ನಾವು ಜಿಪುಣತನವೆಂದು ಹಾಸ್ಯ ಮಾಡುತ್ತಿದ್ದೆವು. ಹಾಗೆ ಆರಿಸಿದರೆ ಪೆಟ್ಟಿಗೆ ಪುನಃ ಎಚ್ಚರಗೊಳ್ಳಲು ಒಂದೆರಡು ನಿಮಿಷ ಹಿಡಿಯುತ್ತದೆಂಬುದು ಮಕ್ಕಳ ಆಕ್ಷೇಪ. ವಾಲ್ವು ಕಾಯುವ ತನಕ ರೇಡಿಯೋದ ಮುಂದೆ ಸುಮ್ಮನೆ ಕುಳಿತಿದ್ದ ಮನೆತನದವರು ನಾವೆಂದು ಅವರಿಗೆ ಹೇಳಿದ್ದೇನೆ.

ಕೊನೆಗೊಂದು ವಿಜ್ಞಾಪನೆ. ಹಳೆಯ ವಿದ್ಯುತ್ ಬಿಲ್ಲು, ರೇಡಿಯೋ ಲೈಸೆನ್ಸಿನ ಪುಸ್ತಕ, ದೂರದರ್ಶನ ಕೊಂಡ ರಸೀದಿ ಇವು ಯಾರ ಮನೆಯ ಅಟ್ಟದಲ್ಲಿಯಾದರೂ ಉಳಿದಿದ್ದರೆ ರದ್ದಿಗೆ ಹಾಕದೆ ಸಂಘದ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ವಾಚಕರಲ್ಲಿ ಪ್ರಾರ್ಥಿಸುತ್ತೇನೆ. ಈ ನಗರದಲ್ಲಿ ಕನ್ನಡಿಗರು ಸಂಜೆಗಳನ್ನು ಹೇಗೆ ಕಳೆದರೆಂಬುದನ್ನು ಮುಂದಿನವರು ಬರೆಯುವಾಗ, ಆ ಅಂಕಿಗಳಿಗಿಂತ ನೇರವಾದ ಸಾಕ್ಷಿ ಅವರಿಗೆ ಸಿಕ್ಕಲಾರದು.